ಆಮೆನ್ ಅನ್ನದೆ ಉಳಿದ ಪ್ರಾರ್ಥನೆ

ಫೋನ್ ಕಟ್ ಮಾಡಿದ್ದು ನಾನೋ, ಅದಾಗಿಯೇ ಕಟ್ ಆಯಿತೋ, ನನಗೆ ಗೊತ್ತಿಲ್ಲ.

ಎರಡು ನೆನಪುಗಳಿವೆ. ಒಂದರಲ್ಲಿ ನಾನು ವಾರ್ಡಿನ ಹೊರಗೆ ಕಾರಿಡಾರಿನಲ್ಲಿ ನಿಂತು, ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಹೆಂಡತಿಯ ಬದಲಿಗೆ ಪ್ರಾರ್ಥನೆ ಮಾಡುತ್ತಿದ್ದೇನೆ. ಜೋರಾಗಿ. ಇನ್ನೊಂದರಲ್ಲಿ ಒಂದು ಮಾತೂ ಆಡದೆ ಕೆಂಪು ಗುಂಡಿ ಒತ್ತಿ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೇನೆ. ಎರಡರಲ್ಲೂ ಅದೇ ಹಸಿರು ಗೋಡೆ, ಅದೇ ಫಿನಾಯಿಲ್ ವಾಸನೆ. ಆದರೆ ಆ ಹೊತ್ತಿಗೆ ನನ್ನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಹಾಗಾದರೆ ಫಿನಾಯಿಲ್ ಎಲ್ಲಿಂದ ಬಂತು?

ನಾನು ಜೇವರ್ಗಿಯ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ. ಎಂ.ಎ. ಓದಲು ಯೂನಿವರ್ಸಿಟಿಗೆ ಹೋದ ಮೇಲೆ ನಂಬಿಕೆ ಸ್ವಲ್ಪ ಸ್ವಲ್ಪವಾಗಿ ಉದುರಿತು. ಜಗಳ ಮಾಡಿ ಬಿಟ್ಟದ್ದಲ್ಲ. ಹೆಂಡತಿ ಸುಗುಣಾ ಹಾಗಲ್ಲ. ಹಿಟ್ಟು ನಾದುವಾಗ, ಬಸ್ಸಿಗೆ ಕಾಯುವಾಗ, ಪಕ್ಕದವರ ಜೊತೆ ಮಾತಾಡಿದ ಹಾಗೆ ದೇವರ ಜೊತೆ ಮಾತಾಡುತ್ತಿದ್ದಳು. ಚರ್ಚಿನಲ್ಲಿ ಸಂಡೇ ಸ್ಕೂಲ್ ಅವಳದೇ. ಮದುವೆಯಾದ ಹೊಸತರಲ್ಲಿ ನಾನು ಕಾಡಿಸುತ್ತಿದ್ದೆ. ಆಮೇಲೆ ರೂಢಿಯಾಯಿತು.

ಕೊರೋನಾದ ಎರಡನೇ ಅಲೆಯ ಬೇಸಿಗೆ. ಒಂದು ಮುಂಜಾನೆ ರೊಟ್ಟಿ ಸೀದ ವಾಸನೆ ಹೊರಗಿನ ಕೋಣೆಯವರೆಗೂ ಬಂತು. ಒಳಗೆ ಹೋಗಿ ನೋಡಿದರೆ ಸುಗುಣಾ ತವೆಯ ಎದುರೇ ಕೂತಿದ್ದಾಳೆ.

"ರೊಟ್ಟಿ ಹೊತ್ತಾಕತ್ತದ," ಅಂದೆ.

"ಎಲ್ಲಿ?" ಅಂದಳು.

ಅವಳ ಮೂಗಿಗೆ ವಾಸನೆ ಹತ್ತಿರಲಿಲ್ಲ. ಅಲ್ಲಿಂದ ಶುರು.

ಆಗ ಚರ್ಚ್ ಮುಚ್ಚಿತ್ತು. ಸುಗುಣಾಳ ತಮ್ಮ ದಾನಿಯೇಲ ಅಫಜಲಪುರದಲ್ಲಿ ಮೋಟಾರು ಪಂಪು ರಿಪೇರಿ ಮಾಡುತ್ತಾನೆ. ಪಾಸ್ಟರ್ ಬಾರದ ಭಾನುವಾರ ಅಲ್ಲಿನ ಚರ್ಚಿನಲ್ಲಿ ಪ್ರಸಂಗ, ಅಂದರೆ ಉಪದೇಶವೂ ಅವನದೇ. ಅವನೇ ಫೋನ್ ಪ್ರಾರ್ಥನೆ ಹೂಡಿದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬೊಬ್ಬರಿಗೆ ಫೋನ್ ಮಾಡಿ ಎಲ್ಲರನ್ನೂ ಒಂದೇ ಲೈನಿಗೆ ಜೋಡಿಸುತ್ತಿದ್ದ. ಆಳಂದದಿಂದ ನನ್ನ ಅಕ್ಕ ಲೀಲಾ, ಜೇವರ್ಗಿಯಿಂದ ಸುಗುಣಾ, ಕೊಳಕೂರಿನಿಂದ ಸುಗುಣಾಳ ಅವ್ವ, ನಮ್ಮ ಅತ್ತೆ ಎಸ್ತೇರವ್ವ. ಅತ್ತೆಗೆ ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಮಾಳಿಗೆ ಹತ್ತಿ, ಒಂದು ಮೂಲೆಯಲ್ಲಿ ನಿಂತು, ನೆಟ್‌ವರ್ಕಿಗೂ ಕೇಳಿಸಬೇಕು ಅನ್ನುವ ಹಾಗೆ ಒದರುತ್ತಿದ್ದಳು.

ಮೊದಲ ವಾರ ಗದ್ದಲ. ಒಬ್ಬರ ಮಾತು ಇನ್ನೊಬ್ಬರಿಗೆ ತಡವಾಗಿ ತಲುಪುತ್ತಿತ್ತು. ಒಂದು ಸಂಜೆ ಅತ್ತೆ ಉಸಿರು ತೆಗೆದುಕೊಳ್ಳಲು ನಿಂತಾಗ ದಾನಿಯೇಲ ಮುಗಿಯಿತೆಂದು ತಿಳಿದು "ಆಮೆನ್" ಅಂದುಬಿಟ್ಟ. ಎಲ್ಲರೂ ಆಮೆನ್ ಅಂದು ಫೋನ್ ಇಟ್ಟರು. ಅತ್ತೆ ಆಗಿನ್ನೂ ಊರಿನ ಕಾಯಿಲಸ್ಥರ ಅರ್ಧ ಹೆಸರೂ ಹೇಳಿರಲಿಲ್ಲ. ಮರುದಿನ ಬೈದಳು.

"ಲೇ ದಾನ್ಯಾ, ನನ್ನ ಪ್ರಾರ್ಥನಿಗಿ ಕೀಲಿ ಹಾಕಾಂವ ನೀ ಯಾಂವಲೇ? ಅರ್ಧಾ ಊರು ಹೊರಗೇ ಉಳೀತಲ್ಲೋ!"

ಅಂದಿನಿಂದ ಕಟ್ಟಳೆಯಾಯಿತು. ಯಾರ ಸರದಿಯೋ ಅವರೇ ಆಮೆನ್ ಅನ್ನಬೇಕು. ಅವರು ಅನ್ನುವ ತನಕ ಯಾರೂ ಅನ್ನಬಾರದು. ನಾನು ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತ ಇದನ್ನೆಲ್ಲ ಕೇಳಿ ನಗುತ್ತಿದ್ದೆ.

ಸುಗುಣಾಳಿಗೆ ಜ್ವರ, ಮೈಕೈ ನೋವು, ಆಮೇಲೆ ಕೆಮ್ಮು. ನನಗೂ ಜ್ವರ ಬಂತು, ಆದರೆ ಸಣ್ಣದು. ಇಬ್ಬರೂ ಪಾಸಿಟಿವ್. ಆಕ್ಸಿಮೀಟರಿನಲ್ಲಿ ನನ್ನ ಅಂಕಿ ನಿಂತಲ್ಲೇ ನಿಂತಿತು. ಅವಳದು ಇಳಿಯಿತು. ಅವಳ ಬೆರಳಿನಿಂದ ತೆಗೆದು ನನ್ನ ಬೆರಳಿಗೆ ಹಾಕಿ, ಯಂತ್ರ ಕೆಟ್ಟಿಲ್ಲ ಎಂದು ಗೊತ್ತು ಮಾಡಿಕೊಂಡು, ಮತ್ತೆ ಅವಳ ಬೆರಳಿಗೆ ಹಾಕುತ್ತಿದ್ದೆ. ಯಂತ್ರ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಜೇವರ್ಗಿಯಲ್ಲಿ ಬೆಡ್ ಇರಲಿಲ್ಲ. ಆಂಬುಲೆನ್ಸಿನಲ್ಲಿ ಭೀಮಾ ಸೇತುವೆ ದಾಟಿ ಕಲಬುರಗಿಗೆ ಹೋದೆವು. ಅಲ್ಲಿ ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರು ಪಿಪಿಇ ಕಿಟ್ಟಿನೊಳಗೆ ಕಣ್ಣಷ್ಟೇ ಕಾಣುವ ಹುಡುಗಿ. "ಎರಡೂ ಲಂಗ್ಸ್ ಇನ್ವಾಲ್ವ್ ಆಗಿವೆ ಸರ್," ಅಂದರು. ನಾನೂ ಪಾಸಿಟಿವ್ ಆಗಿದ್ದರಿಂದ ವಾರ್ಡಿನಲ್ಲಿ ಅವಳ ಹತ್ತಿರ ಇರಲು ಬಿಟ್ಟರು.

ವಾರ್ಡಿನಲ್ಲಿ ನನಗೆ ಕೂರಲಾಗುತ್ತಿರಲಿಲ್ಲ. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಯ ಆಕ್ಸಿಜನ್ ಮೀಟರಿಗೆ. ಅದರೊಳಗಿನ ನೀರಿನ ಗುಳ್ಳೆ ನೋಡುವುದು. ನಿಂತಿತು ಅನ್ನಿಸುವುದು. ನಿಂತಿರುವುದಿಲ್ಲ. ಮತ್ತೆ ಕಿಟಕಿ.

"ಜರಾ ಕುಂಡ್ರಿ. ನಿಮ್ಮನ್ನ ನೋಡೇ ನನಗ ದಮ್ಮು ಹತ್ತಾಕತ್ತದ," ಅಂದಳು ಸುಗುಣಾ ಮಾಸ್ಕಿನೊಳಗಿಂದ.

ಕೂತೆ. ಆಗ ಅವಳು ಅದನ್ನು ಹೇಳಿದಳು.

"ನನಗ ಪ್ರಾರ್ಥನಿ ಬರವಲ್ದು."

ಆಯಾಸಕ್ಕೆ ಇರಬೇಕು ಅಂದೆ. ತಲೆ ಅಲ್ಲಾಡಿಸಿದಳು. ತುಂಡು ತುಂಡಾಗಿ ಹೇಳಿದಳು. ದೇವರಿಲ್ಲ ಅಂತಲ್ಲ. ಸಿಟ್ಟೂ ಇಲ್ಲ. ಬಾಯಿ ತೆರೆದರೆ ಮಾತು ಇರುವ ಜಾಗ ಖಾಲಿ. ಬಾಯಿಪಾಠ ಬರುತ್ತಿದ್ದದ್ದೂ ನಡುವೆ ಕಡಿದು ಹೋಗುತ್ತದೆ.

"ಸಾಯಾಕ ಅಂಜಿಕಿಲ್ರೀ. ಹಿಂಗ ಖಾಲಿ ಇದ್ದಾಗ ಸತ್ತರ ಹ್ಯಾಂಗ?"

ಮೆದುಳಿಗೆ ಆಕ್ಸಿಜನ್ ಸಾಲದಾಗ ಮಾತು ತಪ್ಪುತ್ತದೆ ಎಂದು ವಿವರಿಸಬಹುದಿತ್ತು. ಎರಡು ವಾಕ್ಯ ವಿವರಿಸಿಯೂ ಬಿಟ್ಟೆ. ಅವಳು ಮುಖ ಆ ಕಡೆ ತಿರುಗಿಸಿದಳು.

ಮರುದಿನವೋ ಅದರ ಮರುದಿನವೋ ಸಂಜೆ ಫೋನ್ ಪ್ರಾರ್ಥನೆಯಲ್ಲಿ ಅವಳ ಸರದಿ ಬಂತು. ಬೇಡ ಅಂದೆ. ಅವಳು ಹಟ ಹಿಡಿದಳು. ಸ್ಪೀಕರ್ ಹಾಕಿ ಅವಳ ಮುಖದ ಹತ್ತಿರ ಫೋನ್ ಹಿಡಿದೆ.

"ತಂದೆಯೇ," ಅಂದಳು.

ಆಮೇಲೆ ಏನೂ ಇಲ್ಲ. ಕಣ್ಣು ಮೇಲಕ್ಕೆ ಹೋದವು. ಮಾನಿಟರ್ ಕೂಗಿತು. ಸಿಸ್ಟರ್ ಓಡಿ ಬಂದು ನನ್ನನ್ನು ತಳ್ಳಿದರು. "ಹೊರಗ ನಡೀರಿ, ಹೊರಗ!" ಮಂಚವನ್ನೇ ಉರುಳಿಸಿಕೊಂಡು ಐಸಿಯು ಕಡೆಗೆ ಹೋದರು. ನಾನು ಕಾರಿಡಾರಿನಲ್ಲಿ. ಫೋನ್ ಇನ್ನೂ ಕೈಯಲ್ಲಿ.

ಇಲ್ಲಿಯೇ ನನ್ನ ನೆನಪು ಎರಡಾಗುವುದು.

ಅಕ್ಕ ಲೀಲಾ ಹೇಳುತ್ತಾಳೆ: "ನೀ ಪ್ರಾರ್ಥನಿ ಮಾಡ್ದಿ. ಅಳಕೋಂತ ಮಾಡ್ದಿ. ನಾ ಕೇಳೇನಿ." ದಾನಿಯೇಲ ಹೇಳುತ್ತಾನೆ: ಸಿಸ್ಟರ್ ಕೂಗಿದ್ದು ಕೇಳಿತು, ಲೈನ್ ಹೋಯಿತು. ಅತ್ತೆ ಹೇಳುವುದು ಇನ್ನೂ ಬೇರೆ: ಫ್ಯಾನಿನ ಸಪ್ಪಳ ಬಹಳ ಹೊತ್ತು ಬರುತ್ತಿತ್ತಂತೆ. ಒಂದೇ ಲೈನಿನಲ್ಲಿದ್ದ ಮೂವರು, ಮೂರು ಕಥೆ. ಕ್ಲಾಸಿನಲ್ಲಿ ಸಾಕ್ಷ್ಯ ಎಂದರೇನು ಎಂದು ಪಾಠ ಮಾಡುವವನಿಗೆ ತನ್ನ ಬಾಯಿಂದ ಏನು ಬಂತು ಎನ್ನುವುದಕ್ಕೇ ಸಾಕ್ಷ್ಯವಿಲ್ಲ.

ಐಸಿಯು ದಿನಗಳು ಒಂದರೊಳಗೊಂದು ಕಲಸಿಹೋಗಿವೆ. ಹೈ ಫ್ಲೋ ಆಕ್ಸಿಜನ್. ಬೋರಲು ಮಲಗಿಸುವುದು. ಸ್ಟಿರಾಯ್ಡ್. ವೆಂಟಿಲೇಟರ್ ಬೇಕಾಗಬಹುದು ಎಂದು ಒಂದು ಸಹಿ. ಕಾರಿಡಾರಿನಲ್ಲಿ ನಾನು ಚಪ್ಪಲಿ ಸವೆಯುವಷ್ಟು ನಡೆದೆ.

ಆಗ ದಾನಿಯೇಲ ಫೋನ್ ಮಾಡಿದ.

"ಮಾಮಾ, ಇಲ್ಲೊಂದು ಪೇಚಾಟ ಆಗ್ಯಾದ. ಅವ್ವ ಆಮೆನ್ ಅನಗೊಡವಲ್ಲಳು."

"ಅಂದ್ರ?"

"ಸುಗುಣಕ್ಕನ ಸರದಿ ಇತ್ತಲ್ಲ. ಅಕಿ ಶುರು ಮಾಡ್ಯಾಳ, ಮುಗಸಿಲ್ಲ. ಅಕಿ ಅನ್ನೂತನಾ ಯಾರೂ ಅನ್ನಂಗಿಲ್ಲ ಅಂತಾಳ. ದಿನಾ ಅಲ್ಲಿಂದೇ ಮುಂದ ಹಿಡೀತೇವಿ. ಬಾಯಿ ತನಾ ಬರ್ತದ ಮಾಮಾ, ನುಂಗ್ತೇವಿ."

"ಲೇ ದಾನ್ಯಾ, ಇದೂ ನಿನ್ನ ಹಾವಿನಂಥಾ ಕಥಿ ಏನು?"

ದಾನಿಯೇಲನ ಹಾವು ನಮ್ಮ ಮನೆಯಲ್ಲಿ ಪ್ರಸಿದ್ಧ. ಅಫಜಲಪುರದ ರಸ್ತೆಯಲ್ಲಿ ಅವನ ಬೈಕಿಗೆ ಅಡ್ಡ ಬಂದ ಹಾವು ಮೊದಲ ಪ್ರಸಂಗದಲ್ಲಿ ಗೇಣುದ್ದ ಇತ್ತು. ನಾನು ಕೊನೆಯ ಸಲ ಕೇಳಿದಾಗ ನೊಗದಷ್ಟು ದಪ್ಪವಾಗಿತ್ತು.

"ಏ ಇಲ್ಲ ಮಾಮಾ, ಇದು ಖರೇ," ಅಂದ. ಹಾವಿಗೂ ಹಾಗೇ ಅಂದಿದ್ದ.

ಆ ದಿನ ಮಧ್ಯಾಹ್ನ ಸಿಸ್ಟರ್ ನನ್ನನ್ನು ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಸುಗುಣಾ ಕಣ್ಣು ತೆರೆದಿದ್ದಳು. ಬಲಗೈ ಬೆರಳು ಬೆಡ್‌ಶೀಟಿನ ದಾರವನ್ನು ಕೀಳುತ್ತಲೇ ಇತ್ತು, ನಿಲ್ಲದೆ. ಏನು ಮಾತಾಡಬೇಕೋ ತಿಳಿಯದೆ ದಾನಿಯೇಲ ಹೇಳಿದ್ದನ್ನು ಹೇಳಿದೆ. ನೀ ಶುರು ಮಾಡಿದ ಪ್ರಾರ್ಥನೆ ಇನ್ನೂ ಮುಗಿದಿಲ್ಲವಂತೆ, ಅವ್ವ ತೆರೆದೇ ಇಟ್ಟಿದ್ದಾಳಂತೆ, ನಿನ್ನ ಆಮೆನ್ನಿಗೆ ಕಾಯುತ್ತಿದ್ದಾರಂತೆ.

ಮುಖ ನನ್ನ ಕಡೆ ತಿರುಗಿಸಿದಳು.

"ನೀವು… ಕಟ್ಟಿದ್ದು?"

ಅವಳಿಗೆ ನನ್ನ ಪರಿಚಯವಿತ್ತು. ಸಮಾಧಾನಕ್ಕೆ ಕಥೆ ಕಟ್ಟುತ್ತಿದ್ದಾನೆ, ಅದೂ ನಂಬದವನು, ಎಂದುಕೊಂಡಿದ್ದಳು.

"ಅಲ್ಲ."

"ಖರೇ?"

"ಖರೇ," ಅಂದೆ.

ನನಗೆ ಗೊತ್ತಿರಲಿಲ್ಲ. ಆದರೂ ಅಂದೆ.

ದಾರ ಕೀಳುತ್ತಿದ್ದ ಕೈ ನಿಂತಿತು. ಇಷ್ಟು ಮಾತ್ರ ಹೇಳಬಲ್ಲೆ. ಅಂದೇ ಸ್ಟಿರಾಯ್ಡ್ ಡೋಸ್ ಬದಲಿಸಿದ್ದರು. ಅಂದೇ ಫಿಸಿಯೋ ಶುರುವಾಗಿತ್ತು. ಕೈ ಯಾವುದಕ್ಕೆ ನಿಂತಿತು ಎಂದು ನಾನು ಹೇಳುವವನಲ್ಲ. ವೆಂಟಿಲೇಟರ್ ಬೇಕಾಗಲಿಲ್ಲ. ಅಂಕಿ ಮೇಲೇರಿತು, ಇಳಿಯಿತು, ಮತ್ತೆ ಏರಿತು.

ನಮ್ಮ ಚರ್ಚಿನ ಒಬ್ಬ ಹಿರಿಯರೂ ಆಗ ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿದ್ದರು. ಅವರಿಗೂ ಅಷ್ಟೇ ಜನ ಪ್ರಾರ್ಥಿಸಿದ್ದರು. ಅವರು ಉಳಿಯಲಿಲ್ಲ. ಮನೆಗೆ ಬಂದ ಮೇಲೆ ಇದನ್ನು ಸುಗುಣಾಳಿಗೆ ಹೇಳಿ, ಹಾಗಾದರೆ ಲೆಕ್ಕ ಹೇಗೆ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಅದನ್ನ ನನ್ನ ಕೇಳಬ್ಯಾಡ್ರಿ," ಅಂದಳು. "ನಾನೂ ಅದನ್ನೇ ಅವನಿಗಿ ಕೇಳಾಕತ್ತೇನಿ, ದಿನಾ."

ಮನೆಗೆ ಬಂದ ಸಂಜೆಯದು ನನಗೆ ಸರಿಯಾಗಿ ನೆನಪಿದೆ. ನನ್ನ ಜ್ವರ ಬಿಟ್ಟಿತ್ತು. ಗೋಡೆಗೆ ದಿಂಬು ಕೊಟ್ಟು ಅವಳನ್ನು ಕೂರಿಸಿದ್ದೆ. ದಾನಿಯೇಲ ಲೈನ್ ಜೋಡಿಸಿದ. ಎಲ್ಲರ ಉಸಿರು ಕೇಳಿಸುತ್ತಿತ್ತು. ಆಳಂದದಲ್ಲಿ ಯಾರದೋ ಮನೆಯ ಕುಕ್ಕರ್ ಸೀಟಿ ಹೊಡೆಯಿತು.

"ತಂದೆಯೇ," ಅಂದಳು ಸುಗುಣಾ. ಅಲ್ಲಿಗೇ ನಿಲ್ಲಿಸಿದಳು.

ನಾನು ಅವಳ ಬೆರಳಿನ ಅಂಕಿ ನೋಡುತ್ತಿದ್ದೆ.

ಅವಳು ಎರಡು ಸಲ ಉಸಿರು ಎಳೆದುಕೊಂಡಳು. ಮಾತು ಬರಲಿಲ್ಲ. ಮುಖದಲ್ಲಿ ಆ ಹಳೆಯ ಅಂಜಿಕೆ ಬಂದು ಹೋಯಿತು. ಆಮೇಲೆ, ಬೇರೇನೂ ಇಲ್ಲದೆ, "ಆಮೆನ್" ಅಂದಳು.

ಆಳಂದದ ಆಮೆನ್ ಮೊದಲು ಬಂತು. ಅದರ ಹಿಂದೆ ಅಫಜಲಪುರದ್ದು. ಕೊಳಕೂರಿನದು ಎಲ್ಲರಿಗಿಂತ ಕೊನೆಗೆ, ನೆಟ್‌ವರ್ಕ್ ದಾಟಿ, ಫೋನೇ ನಡುಗುವ ಹಾಗೆ. ಸುಗುಣಾ ನಕ್ಕಳು. ನಗು ಕೆಮ್ಮಾಯಿತು. ನಾನು ಬೆನ್ನು ತಿಕ್ಕಿದೆ.

ಮಾತುಗಳು ಮರಳಿ ಬರಲು ತಿಂಗಳುಗಳೇ ಬೇಕಾದವು. ಈಗಲೂ ಮೆಟ್ಟಿಲು ಹತ್ತಿದರೆ ನಿಲ್ಲುತ್ತಾಳೆ. ಆದರೆ ಹಿಟ್ಟು ನಾದುವಾಗ ಮತ್ತೆ ಗುಣುಗುಟ್ಟುತ್ತಾಳೆ, ಮೊದಲಿಗಿಂತ ಸಣ್ಣ ವಾಕ್ಯಗಳಲ್ಲಿ.

ಈ ನಡುವೆ ದಾನಿಯೇಲ ಇದನ್ನು ಪ್ರಸಂಗಕ್ಕೆ ಎತ್ತಿಕೊಂಡ. ಅದರಲ್ಲಿ ಅವ್ವ ಅನ್ನ ನೀರು ಬಿಟ್ಟು ಮಾಳಿಗೆಯ ಮೇಲೇ ಇದ್ದಳು, ಊರಿಗೆ ಊರೇ ಕೆಳಗೆ ಸೇರಿತ್ತು. ಹಾವು ದಪ್ಪವಾಗಲು ಶುರುವಾಗಿತ್ತು. ಕೇಳಿ ಬಂದ ಸುಗುಣಾ ಚಪ್ಪಲಿ ಬಿಡುತ್ತಾ ನನ್ನನ್ನು ಕೇಳಿದಳು.

"ಅವತ್ತ ನೀವು ಖರೇ ಅಂದ್ರಿ. ನಿಮಗ ಹ್ಯಾಂಗ ಗೊತ್ತಿತ್ತು?"

"ದಾನ್ಯಾ ಹೇಳಿದ್ದ."

"ದಾನ್ಯಾ?" ಅಂದಳು. ಚಪ್ಪಲಿ ಮೂಲೆಗೆ ಸರಿಸಿ ಒಳಗೆ ಹೋದಳು.

ನನಗೆ ಕೂರಲಾಗಲಿಲ್ಲ. ಆ ದಿನಗಳಲ್ಲಿ ಅವಳು ಹಿಡಿದುಕೊಂಡದ್ದು ನನ್ನ ಆ ಒಂದು ಮಾತನ್ನು. ಅದು ಸುಳ್ಳಾಗಿದ್ದರೆ? ಅತ್ತೆಯನ್ನು ಕೇಳಿ ಉಪಯೋಗವಿರಲಿಲ್ಲ; ಮಗ ಹೇಳಿದ್ದನ್ನು ಕೇಳಿ ಕೇಳಿ ಅವಳ ನೆನಪೂ ಅದೇ ಆಕಾರಕ್ಕೆ ಬಂದಿರುತ್ತದೆ. ಬೇರೆ ಯಾರಾದರೂ ಬೇಕು. ಪ್ರಾರ್ಥನೆಯಿಂದ ಲಾಭವೂ ಇಲ್ಲದವರು, ನಷ್ಟವೂ ಇಲ್ಲದವರು.

ರಜೆ ದಿನ ಕೊಳಕೂರಿಗೆ ಹೋದೆ. ಅತ್ತೆಯ ಮಾಳಿಗೆಗೆ ಅಂಟಿಕೊಂಡೇ ಬಸಮ್ಮನ ಅಂಗಳ. ಲಿಂಗಾಯತರ ಮನೆ; ಅತ್ತೆಗೂ ಅವಳಿಗೂ ಮಜ್ಜಿಗೆ ಕೊಡುಕೊಳ್ಳುವಷ್ಟು ಸ್ನೇಹ, ವಾರಕ್ಕೊಮ್ಮೆ ಜಗಳ. ಬಸಮ್ಮ ತೊಗರಿ ಹಸನು ಮಾಡುತ್ತಿದ್ದಳು. ಉತ್ತರವನ್ನು ಪ್ರಶ್ನೆಯೊಳಗೆ ಇಡಬಾರದು ಎಂಬಷ್ಟನ್ನು ಓದಿದ್ದೇನೆ. ಹಾಗಾಗಿ, ನನ್ನ ಹೆಂಡತಿ ದವಾಖಾನೆಯಲ್ಲಿದ್ದಾಗ ಅತ್ತೆ ಸಂಜೆ ಹೊತ್ತು ಏನು ಮಾಡುತ್ತಿದ್ದಳು ಎಂದು ಮಾತ್ರ ಕೇಳಿದೆ.

ಬಸಮ್ಮ ಮೊರ ಕೆಳಗಿಟ್ಟಳು.

"ಆ ಮಾತ ತೆಗೀಬ್ಯಾಡ್ರಿ ಮಾಸ್ತರ. ನಿಮ್ಮತ್ತಿ ಸಲುವಾಗಿ ನಾ ನನ್ನ ಗಂಡನ ಕಡಿಂದ ಬೈಸಿಗೊಂಡೇನಿ."

"ಯಾಕ?"

"ಅಕಿ ಮಾಳಗಿ ಮ್ಯಾಲ ಒದರತಾಳಲ್ರೀ, ಕಡೀಕ ಒಂದು ಮಾತ ಅಂತಾಳ. ಆಮೆನ್. ಅದು ಕೇಳಿದ ಕೂಡ್ಲೆ ನಾ ಹಂಚು ಒಲಿಮ್ಯಾಲ ಇಡಾಕಿ. ಗಂಡ ಹೊಲದಿಂದ ಬರೂದಕ, ರೊಟ್ಟಿ ಬಿಸಿ ಇರೂದಕ ಬರೋಬ್ಬರಿ ಆಗ್ತಿತ್ತು. ಒಂದಿನ ಅಕಿ ಒದರೂದು ಒದರತಾಳ, ಆ ಮಾತೇ ಬರವಲ್ದು. ನಾ ಹಿಟ್ಟ ನಾದಕೊಂಡು ಕುಂತೇನಿ. ಇಳದು ಹೋಗ್ಯಾಳ, ನನಗ ಗೊತ್ತೇ ಇಲ್ಲ. ಗಂಡ ಬಂದ, ರೊಟ್ಟಿ ಇಲ್ಲ. 'ಏನ್ ಬೇ, ನಿದ್ದಿ ಮಾಡಾಕತ್ತಿಯೇನು?' ಅಂದ."

"ಮರುದಿನ?"

"ಮರುದಿನಾನೂ ಹಂಗೇ. ಇಕಿಗಿ ಏನಾಗ್ಯಾದ ಅಂತ ಕೇಳ್ದೆ. ಮಗಳು ಅನಬೇಕು, ನಾ ಅನ್ನಂಗಿಲ್ಲ ಅಂದಳು. ನಾ ಏನ್ ಮಾಡ್ಲಿ, ಹೊತ್ತು ನೋಡಿ ಒಲಿ ಹಚ್ಚೋದು ಕಲತೆ. ಆಮ್ಯಾಲ ಒಂದಿನ ಅಂದಳ ನೋಡ್ರಿ, ಎಮ್ಮಿ ಬೆದರಿ ಗೂಟಾ ಕಿತಗೊಂಡ ಹೋತು. ಅವತ್ತ ತಿಳೀತು ನನಗ, ನಿಮ್ಮ ಮನಿಯಾಕಿ ಮನಿಗಿ ಬಂದಾಳ ಅಂತ."

ಅತ್ತೆಯ ಮಾಳಿಗೆ ಹತ್ತಿದೆ. ಬೇರೆಲ್ಲೂ ನೆಟ್‌ವರ್ಕ್ ಇರಲಿಲ್ಲ. ಅವಳು ನಿಲ್ಲುತ್ತಿದ್ದ ಮೂಲೆಯಲ್ಲಿ ನಿಂತು ಸುಗುಣಾಳಿಗೆ ಫೋನ್ ಮಾಡಿದೆ. ಕಾರಿಡಾರಿನಲ್ಲಿ ನಾನು ಏನು ಮಾಡಿದೆ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ದೇವರ ವಿಷಯವೂ ಗೊತ್ತಿಲ್ಲ. ಗೊತ್ತಾದದ್ದನ್ನು ಅವಳಿಗೆ ಹೇಳಿದೆ.

"ಖರೇ ಅದ. ನೀ ಮನಿಗಿ ಬರೂತನಾ ಅವ್ವ ಆಮೆನ್ ಅಂದಿಲ್ಲ. ಕೇಳೇನಿ."