ಟಿವಿ ತಪ್ಪೆಂದ ಟಿವಿ ಕಾಕಾ

ಮೊನ್ನೆ ಲಿಂಗಸುಗೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಬಾಯಿಗೆ ಲವಂಗ ಹಾಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಬಳಗಾನೂರಿನ ನಮ್ಮ ಮನೆಯ ಕಟ್ಟೆ ಕಣ್ಣಮುಂದೆ ಬಂತು. ಕಟ್ಟೆಯ ಮೇಲೆ ಕಾಕಾ... ಕ್ಯಾಮೆರಾ ಎದುರು ನಿಲ್ಲುವ ಮುಂಚೆ ಗಂಟಲು ತಿಳಿಯಾಗಲೆಂದು ಅವರು ಲವಂಗ ಅಗಿಯುತ್ತಿದ್ದರು.

ಕಾಕಾ ನಮ್ಮ ಸಂಬಂಧಿಕರಲ್ಲ, ಪಕ್ಕದ ಮನೆಯವರು. ಬೆಂಗಳೂರಿನ ಒಂದು ಸುದ್ದಿ ಚಾನೆಲ್ಲಿಗೆ ನಮ್ಮ ಕಡೆಯ ವರದಿ ಕಳಿಸುತ್ತಿದ್ದರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲವನ್ನೂ ಹಳೆಯ ಬೈಕಿನಲ್ಲೇ ಸುತ್ತುತ್ತಿದ್ದರು. ಊರಿಗೆಲ್ಲ ಅವರು ಟಿವಿ ಕಾಕಾ. ತಾವು ಟಿವಿಯಲ್ಲಿ ಬಂದ ದಿನ ಎಲ್ಲರ ಮನೆಯಲ್ಲೂ ಇಣುಕಿ, 'ನೋಡಿದ್ರೇನ್ರೀ?' ಎಂದು ಕೇಳದೆ ಬಿಡುತ್ತಿರಲಿಲ್ಲ. ಅಷ್ಟು ಹೆಮ್ಮೆ ಅವರಿಗೆ ಆ ಕೆಲಸದ ಮೇಲೆ.

ನಾನಾಗ ಬಿ.ಎ. ಮೊದಲ ವರ್ಷ. ದಿನಾ ಬಸ್ಸಿನಲ್ಲಿ ಮಸ್ಕಿಗೆ ಹೋಗಿ ಬರುತ್ತಿದ್ದೆ. ಒಂದು ಸಂಜೆ ಕಾಕಾನ ಚಾನೆಲ್ಲಿನಲ್ಲಿ ಮಸ್ಕಿಯ ಹೆಸರು ಕೆಂಪಕ್ಷರದಲ್ಲಿ ಕುಣಿಯತೊಡಗಿತು. 'ಕೊಲೆಗಳ ತಾಲೂಕು!' ಪರದೆಯ ಮೇಲೆ ಕೊಲೆಗಳ ಲೆಕ್ಕ ತೋರಿಸುವ ಎರಡು ಕಂಬ. ಹೋದ ವರ್ಷದ್ದು ನೆಲಕ್ಕೆ ಹತ್ತಿತ್ತು, ಈ ವರ್ಷದ್ದು ಮುಗಿಲಿಗೆ. ಹಿಂದೆಯೇ ಒಂದು ಚಿತ್ರ: ನಿರ್ಜನ ರಸ್ತೆಯಲ್ಲಿ ಹುಡುಗಿಯೊಬ್ಬಳು ನಡೆಯುತ್ತಿದ್ದಾಳೆ, ಮುಖವಾಡದ ಗಂಡಸು ಅವಳ ಬೆನ್ನು ಹತ್ತಿದ್ದಾನೆ. ಕೆಳಗೆ ವರದಿಗಾರರ ಹೆಸರು. ನಮ್ಮ ಕಾಕಾನದೇ.

ಅಪ್ಪ ಟಿವಿ ಆರಿಸಿ ನನ್ನ ಕಡೆ ತಿರುಗಿದರು. "ನಾಳಿಂದ ಕಾಲೇಜ್ ಬ್ಯಾಡ."

ನಮ್ಮ ಮನೆಯಲ್ಲಷ್ಟೇ ಅಲ್ಲ. ಮರುದಿನ ಬೆಳಗಿನ ಬಸ್ಸು ಹುಡುಗಿಯರಿಲ್ಲದೆ ಹೋಯಿತು.

ಅಂದು ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು ಬೆಂಗಳೂರಿನ ಚಾನೆಲ್ ಕಚೇರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

"ಸರ್, ಮಸ್ಕಿ ಹೊಸಾ ತಾಲೂಕು ರೀ. ಸಿಂಧನೂರಿನ ಒಂದಿಷ್ಟು ಊರು, ಲಿಂಗಸುಗೂರಿನ ಒಂದಿಷ್ಟು ಊರು ತಗದು ಮಾಡ್ಯಾರ. ಮೊದಲಿನ ಕೊಲಿ ಎಲ್ಲಾ ಆ ಎರಡೂ ತಾಲೂಕಿನ ಲೆಕ್ಕದಾಗ ಅದಾವು. ತಾಲೂಕ ಇರಲಾರದಾಗ ಅದರ ಲೆಕ್ಕ ಸೊನ್ನಿನ ಇರತೈತಿ! ಎಲ್ಲಾ ಕೂಡಿಸಿ ನೋಡಿದ್ರ ಏನೂ ಹೆಚ್ಚಾಗಿಲ್ಲ. ನಾ ಇದನ್ನೆಲ್ಲಾ ಬರದು ಕಳಿಸಿದ್ದೆ..."

ಆ ಕಡೆಯ ದನಿ ನಕ್ಕಿತು. "ಬರೆದಿದ್ರಿ, ತೆಗೆದ್ವಿ. ಅಷ್ಟುದ್ದ ಯಾರು ಕೇಳ್ತಾರೆ? ಒಳ್ಳೆ ರೆಸ್ಪಾನ್ಸ್ ಬಂದಿದೆ, ಸುಮ್ನಿರಿ."

"ತಿದ್ದಿ ಹಾಕ್ರಿ ಸರ್. ಹೆಣ್ಮಕ್ಕಳು ಕಾಲೇಜ್ ಬಿಡಾಕತ್ತಾರ."

ಫೋನ್ ಕಟ್ಟಾಯಿತು. ಕಾಕಾ ಮತ್ತೆ ಹಚ್ಚಿದರು. ಯಾರೂ ಎತ್ತಲಿಲ್ಲ.

ಸಂಜೆ ಅವರು ನೇರ ಪಂಚಾಯಿತಿಗೆ ಹೋಗಿ, ನಳದ ನೀರು ಬಿಡುವ ಹೊತ್ತು ಸಾರಲು ಇಟ್ಟಿದ್ದ ಮೈಕು ಕೇಳಿ ತಂದರು. ಹನುಮಪ್ಪನ ಗುಡಿಯ ಮೆಟ್ಟಿಲ ಮೇಲೆ ನಿಂತು, "ಟಿವ್ಯಾಗ ನನ್ನ ಹೆಸರ ಹಾಕಿ ತೋರ್ಸಿದ್ದು ತಪ್ಪು," ಎಂದು ಶುರು ಮಾಡಿದರು. ಮಂದಿ ಕೂಡಿದರು. ಕೆಲವರು ನಕ್ಕರು. "ಟಿವಿಯಾಂವನ ಟಿವಿ ಸುಳ್ಳ ಅಂತಾನಲ್ಲೋ!" ಅಪ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದರು.

ಆಗ ಗುಂಪಿನಿಂದ ಒಬ್ಬ ಮುದುಕಿ ಮುಂದೆ ಬಂದಳು. ಪಕ್ಕದ ಊರಿನವಳು, ನಮ್ಮೂರಲ್ಲಿ ಮಗಳ ಮನೆಯಲ್ಲಿದ್ದಳು. ಚಾನೆಲ್ ಎಣಿಸಿದ ಕೊಲೆಗಳಲ್ಲಿ ಅವಳ ಮಗನದೂ ಒಂದು.

"ಹಂಗಾರ ನನ್ನ ಮಗ ಸತ್ತದ್ದು ಸುಳ್ಳೇನಪಾ?"

ಕಾಕಾ ಮೆಟ್ಟಿಲಿಳಿದು ಅವಳ ಎದುರು ಬಂದರು.

"ಖರೇ ಐತಿ ಯವ್ವಾ. ನಿನ್ನ ಮಗ ಸತ್ತದ್ದು ಖರೇ. ಅದನ್ನ ತಗೊಂಡು ಇವರು ಮಂದೀನ ಅಂಜಿಸೋದು ಸುಳ್ಳು. ಏನಾತಂತ ನೀನ ಹೇಳು." ಮೈಕು ಅವಳ ಕೈಗೇ ಕೊಟ್ಟರು.

ಮುದುಕಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಅವಳ ದನಿ ಊರ ತುಂಬ ಕೇಳಿಸಿತು. "ನನ್ನ ಮಗನ್ನ ಕೊಂದಾಂವ ಮುಖವಾಡ ಹಾಕ್ಕೊಂಡಿರಲಿಲ್ಲ. ನಮ್ಮ ಮನ್ಯಾಗ ಉಂಡಾಂವ. ನನ್ನ ಭಾವನ ಮಗ. ಹೊಲದ ಬದುವಿನ ಸಲುವಾಗಿ ಕೊಂದ. ನಿಮ್ಮ ಹುಡುಗ್ಯಾರು ಬಸ್ ಹತ್ತಿದ್ದಕ್ಕ ನನ್ನ ಮಗ ಸತ್ತಿಲ್ಲ."

ಯಾರೂ ನಗಲಿಲ್ಲ. ಅಪ್ಪ ಮನೆಗೆ ಬಂದು ಕಾಲು ತೊಳೆದು ಊಟಕ್ಕೆ ಕೂತರು. ತಲೆ ಎತ್ತದೆಯೇ, "ಬಸ್ ಎಷ್ಟಕ್ಕ ಐತಿ ನಾಳೆ?" ಎಂದರು.

ಎಲ್ಲ ಹುಡುಗಿಯರೂ ಮರಳಲಿಲ್ಲ. ನನ್ನ ಬೆಂಚಿನ ಗೆಳತಿಗೆ ಆ ಬೇಸಿಗೆಯಲ್ಲೇ ಮದುವೆಯಾಯಿತು... ಅವಳನ್ನು ಯಾವ ಕಂಬದಲ್ಲೂ ಯಾರೂ ತೋರಿಸಲಿಲ್ಲ.

ಗುಡಿಯ ಮುಂದಿನ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದು ಬೆಂಗಳೂರಿಗೂ ಮುಟ್ಟಿತು. ಕಾಕಾನ ಕೆಲಸ ಹೋಯಿತು. ಚಾನೆಲ್ಲಿನ ಮೈಕನ್ನು ಬಟ್ಟೆಯಲ್ಲಿ ಸುತ್ತಿ ವಾಪಸ್ ಕಳಿಸಲು ಪಾರ್ಸೆಲ್ ಮಾಡಿದರು. "ಬ್ಯಾಸರ ಆತೇನ್ರೀ ಕಾಕಾ?" ಎಂದು ಕೇಳಿದೆ. "ಬ್ಯಾಸರ ಇಲ್ದ ಏನವಾ? ಭಾಳ ಆಗೈತಿ. ಆದ್ರೂ ತಪ್ಪಿಗೆ ತಪ್ಪ ಅನ್ನಬೇಕ," ಎಂದರು. ಆಮೇಲೆ ಸಿಂಧನೂರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟರು. ಚಾನೆಲ್ ತಿದ್ದುಪಡಿ ಹಾಕಲೇ ಇಲ್ಲ. ಹೋದ ವರ್ಷ ಕಾಕಾನಿಗೆ ಅಂಗಡಿಯಲ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನೀಗ ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಈ ವಾರ ಇನ್ನೊಂದು ಚಾನೆಲ್ಲಿನಲ್ಲಿ ಮತ್ತೆ ಕೆಂಪು ಕಂಬ ಎದ್ದಿದೆ, ಈ ಸಲ ಲಿಂಗಸುಗೂರಿನ ಮೇಲೆ. ಹೋದ ವರ್ಷದ ಕೆಲವೇ ತಿಂಗಳ ಲೆಕ್ಕವನ್ನು ಈ ವರ್ಷದ ಇಲ್ಲಿವರೆಗಿನ ಪೂರ್ತಿ ಲೆಕ್ಕದ ಪಕ್ಕ ನಿಲ್ಲಿಸಿದ್ದಾರೆ. ನಿನ್ನೆ ಒಬ್ಬ ತಾಯಿ ಮಗಳ ಟಿ.ಸಿ. ಕೇಳಿಕೊಂಡು ಬಂದರು. ಕೂರಿಸಿ ಮಾತಾಡಿದೆ. ಬರುವ ವಾರದಿಂದ ಮತ್ತೆ ಕಳಿಸುತ್ತೇನೆಂದು ಹೋಗಿದ್ದಾರೆ. ಕಳಿಸುತ್ತಾರೋ ಇಲ್ಲವೋ...

ಮೊದಲಾಗಿದ್ದರೆ ಇಂಥದ್ದಕ್ಕೆ ಕಾಕಾನಿಗೆ ಫೋನ್ ಮಾಡುತ್ತಿದ್ದೆ. ಈಗ ಅವರ ನಂಬರು ಯಾರದೋ ಪಾಲಾಗಿದೆ.

ಇವತ್ತು ಬಿಡುವಿನ ವೇಳೆಯಲ್ಲಿ ಆ ಚಾನೆಲ್ಲಿಗೇ ಫೋನ್ ಹಚ್ಚಿದೆ. ಅತ್ತ ಕಡೆಯ ಹುಡುಗಿ ನಯವಾಗಿ, "ಎಡಿಟರ್ ಮೀಟಿಂಗಲ್ಲಿದ್ದಾರೆ ಮೇಡಂ, ಫೋನ್ ಇಡ್ತೀರಾ?" ಎಂದಳು.

"ಅವರ ಜೊತಿ ಮಾತಾಡೋತನಕ ಇಡಂಗಿಲ್ಲ ರೀ," ಎಂದು ಕುರ್ಚಿ ಎಳೆದುಕೊಂಡು ಕೂತೆ.