ದನಗಾಹಿಗೆ ಪ್ರವೇಶವಿಲ್ಲ

ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಕಿಟಕಿಯಿಂದ ಒಳಗೆಸೆದು, ಆಮೇಲೆ ಬಾಗಿಲು ತಟ್ಟುತ್ತ ನಿಲ್ಲುವ ಹೆಂಗಸು ತಾನು ಎಂದು ನಲುಕುಯಿ ಮುಬಿತಾ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾಳೆ. ಲಿವಿಂಗ್‌ಸ್ಟನ್ನಿನ ಮರಾಂಬಾ ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ವಯಸ್ಸು ಮೂವತ್ತೊಂಬತ್ತು. ಒಂಬತ್ತು ಹಳ್ಳಿ ಕ್ಲಿನಿಕ್ಕುಗಳನ್ನು ನಡೆಸುವ ಆರೋಗ್ಯ ಸಂಘವೊಂದರಲ್ಲಿ ಕಂಪ್ಯೂಟರ್ ವ್ಯವಸ್ಥೆಯೆಲ್ಲ ಅವಳ ಕೈಯಲ್ಲಿ. ಅವಳ ಕೈ ಅಂದರೆ, ಅವಳ ಎರಡು ಕೈ ಮತ್ತು ಚೋಲ್ವೆ ಹಮೂಂಗಾನ ಎರಡು ಕೈ. ಅವಳು ಕಚೇರಿಯಲ್ಲಿ ಕೂತು ಯೋಜನೆ ಹಾಕುವುದು, ಅವನು ಜೀಪಿನಲ್ಲಿ ಧೂಳು ಕುಡಿಯುತ್ತ ಹೋಗಿ ಅದನ್ನು ರಿಪೇರಿ ಮಾಡುವುದು. ಏಳು ವರ್ಷದಿಂದ ಹೀಗೇ ನಡೆದಿತ್ತು.

ನಲುಕುಯಿ ಮೀನು ಹಿಡಿಯುವ ಲೋಜಿ ಬುಡಕಟ್ಟಿನವಳು, ಚೋಲ್ವೆ ದನ ಸಾಕುವ ಟೋಂಗಾ ಬುಡಕಟ್ಟಿನವನು. ನಮ್ಮ ಕಡೆ ಇಷ್ಟು ಹೇಳಿದರೆ ಸಾಕು, ಇವರಿಬ್ಬರೂ ಬೆಳಗೆದ್ದು ಬೈದಾಡಿಕೊಳ್ಳಲೇಬೇಕು ಎಂದು ಎಲ್ಲರಿಗೂ ಗೊತ್ತು. ಒಬ್ಬರನ್ನೊಬ್ಬರು 'ಕಸಿನ್' ಎಂದು ಕರೆದು ಗೇಲಿ ಮಾಡುವ, ಎರಡು ಬುಡಕಟ್ಟುಗಳ ನಡುವೆ ಅಜ್ಜಂದಿರ ಕಾಲದಿಂದ ಬಂದ ನಂಟು ಅದು. ಬೈದರೆ ಸಿಟ್ಟಾಗುವಂತಿಲ್ಲ, ಬೈಯದಿದ್ದರೆ ಏನೋ ಕೆಟ್ಟಿದೆ ಎಂದು ಅರ್ಥ. ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, "ಬಂದ್ಯಾ ಕಸಿನ್, ಹಸುಗಳ ಕಾಲಿಗೆ ಬಿದ್ದು ರಜೆ ಕೇಳ್ಕೊಂಡು ಬಂದ್ಯಾ?" ಎಂದು ಇವಳು ಶುರು ಮಾಡುವಳು. "ಮೂಗು ಮುಚ್ಕೊಂಡು ಬಂದೆ, ಮೀನಿನ ಬುಟ್ಟಿ ಆಗಲೇ ಆಫೀಸಿಗೆ ಬಂದಿದೆ ಅಂತ ರಸ್ತೆಯಲ್ಲೇ ಗೊತ್ತಾಯ್ತು" ಎಂದು ಅವನು ಬ್ಯಾಗು ಇಳಿಸುವನು. ಆಮೇಲೆ ಇಬ್ಬರೂ ಚಹಾ ಕುಡಿಯುವರು.

ಸಂಘಕ್ಕೆ ಮೂರು ಕ್ಲೌಡ್ ಚಂದಾಗಳಿದ್ದವು, ಅಂದರೆ ಚಂದಾ ಕಟ್ಟಿ ಇಂಟರ್‌ನೆಟ್ಟಿನಲ್ಲಿ ಬಳಸುವ ಮೂರು ತಂತ್ರಾಂಶಗಳು. ಲ್ಯಾಬ್ ವರದಿಗೆ ಒಂದು, ಔಷಧದ ದಾಸ್ತಾನಿಗೆ ಒಂದು, ಹಾಜರಿಗೆ ಒಂದು. ಮೂರನ್ನೂ ಮೂರು ಬೇರೆ ಬೇರೆ ಕಾಲದಲ್ಲಿ ಮೂರು ಜನ ತಂತಮ್ಮ ಹೆಸರಿನಲ್ಲಿ ಶುರು ಮಾಡಿದ್ದರು. ಅವರಲ್ಲಿ ಇಬ್ಬರು ಕೆಲಸ ಬಿಟ್ಟಾಗಿತ್ತು. ನರ್ಸುಗಳು ಮೂರು ಪಾಸ್‌ವರ್ಡುಗಳನ್ನು ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿಕೊಂಡಿದ್ದರು. ಇದನ್ನು ನೋಡಿ ನೋಡಿ ನಲುಕುಯಿಗೆ ರೋಸಿಹೋಗಿತ್ತು. ಸಂಘದ ಎಲ್ಲರ ಹೆಸರೂ ಹುದ್ದೆಯೂ ಇರುವ ಒಂದೇ ಗುರುತಿನ ಪಟ್ಟಿ ಮಾಡಿ, ಮೂರೂ ಚಂದಾಗಳನ್ನು ಅದಕ್ಕೆ ಜೋಡಿಸಿಬಿಡುವುದು ಅವಳ ಯೋಜನೆ. ಒಬ್ಬರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಯಾರಿಗೆ ಯಾವ ಬಾಗಿಲು ತೆರೆಯಬೇಕೆಂದು ಪಟ್ಟಿಯಲ್ಲಿರುವ ಹುದ್ದೆಯೇ ಹೇಳುತ್ತದೆ.

ಸಭೆಯಲ್ಲಿ ಅವಳು ಇದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಳು. "ಯಾರೂ ತಮ್ಮ ಹುದ್ದೆ ತಾವೇ ಬರ್ಕೋಬಾರದು" ಎಂದು ಮೇಜು ಕುಟ್ಟಿ, ಹುದ್ದೆ ತಿದ್ದುವ ಅಧಿಕಾರವನ್ನು ತನ್ನ ಕೈಯಿಂದಲೂ ಕಿತ್ತು ಸಿಬ್ಬಂದಿ ವಿಭಾಗದ ಜೆರೆಗೆ ಕೊಡಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ಪ್ರಾಮಾಣಿಕತೆಗೆ ತಾನೇ ಮನಸೋತು, ಆ ದಿನ ಅವಳು ಮನೆಗೆ ನಡೆದೇ ಹೋದಳು.

ಶನಿವಾರ ಜೋಡಣೆ ಮಾಡಿದಳು. 'ಮುಂದುವರಿದರೆ ಹಳೆಯ ಅನುಮತಿಗಳೆಲ್ಲ ಶಾಶ್ವತವಾಗಿ ಅಳಿಸಿಹೋಗುತ್ತವೆ' ಎಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಹೋಗಲಿ, ಹೊಸದನ್ನು ಪಟ್ಟಿ ನೋಡಿಕೊಳ್ಳುತ್ತದಲ್ಲ ಎಂದು ಒತ್ತಿದಳು. ಮೂರೂ ಚಂದಾಗಳು ಒಂದೇ ಪಟ್ಟಿಯ ಕೆಳಗೆ ಸಾಲಾಗಿ ನಿಂತವು. ಅವಳು ಆ ಖುಷಿಗೆ ಒಂದು ಇಡೀ ಬ್ರೀಮ್ ಮೀನು ಹುರಿದು, ಮೆಕ್ಕೆಜೋಳದ ಮುದ್ದೆ ನ್ಶಿಮಾದ ಜೊತೆ ಒಬ್ಬಳೇ ತಿಂದಳು.

ಎಂಟು ತಿಂಗಳ ಹಿಂದೆ, ಪಟ್ಟಿ ಇನ್ನೂ ಪರೀಕ್ಷೆಯಲ್ಲಿದ್ದಾಗ, ಮೊದಲ ಎರಡು ಸಾಲು ತುಂಬಿದ್ದು ಅವಳೇ. ಪಕ್ಕದಲ್ಲಿ ಚೋಲ್ವೆ ಕೂತಿದ್ದ. ನಗಾಡುತ್ತ ತನ್ನ ಹೆಸರಿನ ಮುಂದೆ 'ರಾಣಿ' ಎಂದು ಬರೆದಿದ್ದಳು. ಅವನ ಹೆಸರಿನ ಮುಂದೆ 'ರಾಣಿಯ ದನಗಾಹಿ'. ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಜೆರೆ ಬಂದು ಉಳಿದ ನೂರ ಹನ್ನೆರಡು ಸಾಲುಗಳನ್ನು ಕನ್ನಡಕ ಏರಿಸಿ ಏರಿಸಿ ತುಂಬಿದ. ಮೊದಲೆರಡು ತುಂಬಿದ್ದವಾದ್ದರಿಂದ ಅವನು ಅವನ್ನು ಮುಟ್ಟಲಿಲ್ಲ.

ಸೋಮವಾರ ಚೋಲ್ವೆ ಸಿಬೊಯಾ ಕ್ಲಿನಿಕ್ಕಿಗೆ ಹೋಗಿದ್ದ. ಅದು ಅವನ ಹುಟ್ಟೂರು. ಹೊಸ ವ್ಯವಸ್ಥೆಯನ್ನು ಮೊದಲು ಅಲ್ಲೇ ತೋರಿಸಬೇಕೆಂದು ಅವನೇ ಆಸೆಪಟ್ಟು ಕೇಳಿಕೊಂಡಿದ್ದ. ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ ಪ್ರೊಜೆಕ್ಟರ್ ಹಚ್ಚಿದ್ದರು. ನರ್ಸುಗಳು, ಕ್ಲಿನಿಕ್ ಸಮಿತಿಯ ಹಿರಿಯರು, ಸಮಿತಿಯ ಅಧ್ಯಕ್ಷನಾದ ಅವನ ಚಿಕ್ಕಪ್ಪ ಸಿಯಾಂಕುಂಬಾ, ಎಲ್ಲರೂ ಮೆಕ್ಕೆಜೋಳದ ಹುಳಿ ಪಾನೀಯ ಚಿಬ್ವಾಂಟುವಿನ ಲೋಟ ಹಿಡಿದು ಕೂತಿದ್ದರು. ಚೋಲ್ವೆ ತನ್ನ ಹೆಸರು ಒತ್ತಿದ. ಬೆಡ್‌ಶೀಟಿನ ಮೇಲೆ ಮೊಳದುದ್ದದ ಅಕ್ಷರ ಬಂತು: ಚೋಲ್ವೆ ಹಮೂಂಗಾ, ರಾಣಿಯ ದನಗಾಹಿ. ನಿಮ್ಮ ಹುದ್ದೆಗೆ ಇಲ್ಲಿ ಪ್ರವೇಶವಿಲ್ಲ.

ಆಮೇಲೆ ಕಸ ಗುಡಿಸುವ ಹೆಂಗಸು ತನ್ನ ಹೆಸರು ಒತ್ತಿ ನೋಡಿದಳು. ಹಾಜರಿಯ ಪುಟ ತಟ್ಟನೆ ತೆರೆದುಕೊಂಡಿತು.

ಅವನ ಫೋನು ಬಂದಾಗ ನಲುಕುಯಿ ಬಾಯಿ ತುಂಬ ಬಿಸ್ಕತ್ತು ತುಂಬಿಕೊಂಡಿದ್ದಳು.

"ಮೇಡಂ, ನನಗೆ ಪ್ರವೇಶ ಸಿಗ್ತಾ ಇಲ್ಲ. ದಯವಿಟ್ಟು ನೋಡ್ತೀರಾ?"

ಮೇಡಂ! ಹೊಸ ಆಟ ಶುರು ಮಾಡಿದನೆಂದು ಅವಳು ಬಿಸ್ಕತ್ತಿನ ಪುಡಿ ಹಾರುವಂತೆ ನಕ್ಕಳು. "ಏನೋ ಕಸಿನ್, ಹಸು ಏನಾದ್ರೂ ವೈರ್ ತಿಂತಾ?"

"ಹುದ್ದೆಯ ಜಾಗದಲ್ಲಿ ತಪ್ಪಿದೆ ಮೇಡಂ" ಎಂದು ಅವನು ಬೆಡ್‌ಶೀಟಿನ ಮೇಲಿದ್ದುದನ್ನು ಓದಿ ಹೇಳಿ ಫೋನಿಟ್ಟ.

ಅವಳು ತನ್ನ ಹೆಸರು ಒತ್ತಿದಳು. ನಲುಕುಯಿ ಮುಬಿತಾ, ರಾಣಿ. ನಿಮ್ಮ ಹುದ್ದೆಗೆ ಇಲ್ಲಿ ಪ್ರವೇಶವಿಲ್ಲ. ನೂರ ಹದಿನಾಲ್ಕು ಜನರಲ್ಲಿ ನೂರ ಹನ್ನೆರಡು ಜನ ನೆಮ್ಮದಿಯಾಗಿ ಒಳಗೆ ಓಡಾಡುತ್ತಿದ್ದರು. ಬಾಗಿಲು ಕಟ್ಟಿದ ಇಬ್ಬರು ಮಾತ್ರ ಹೊರಗೆ.

ಜೆರೆಯ ಮೇಜಿನ ಮುಂದೆ ಅವಳು ಹುದ್ದೆ ಬದಲಾವಣೆಯ ಅರ್ಜಿ ಹಿಡಿದು ನಿಂತಳು. ಜೆರೆ ನಗುವ ಮನುಷ್ಯನಲ್ಲ. "ಈಗಿನ ಹುದ್ದೆ, ರಾಣಿ" ಎಂದು ನಿಧಾನವಾಗಿ ಓದಿದ. "ಬೇಕಾದ ಹುದ್ದೆ, ವ್ಯವಸ್ಥಾ ಅಧಿಕಾರಿ. ಬದಲಾವಣೆಗೆ ಕಾರಣ ಖಾಲಿ ಬಿಟ್ಟಿದ್ದೀರಲ್ಲ?"

"ಏನು ಬರೀಬೇಕು?"

"ಇಲ್ಲಿ ನಾಲ್ಕೇ ಇರೋದು. ಬಡ್ತಿ, ಹಿಂಬಡ್ತಿ, ಮದುವೆ, ಮರಣ."

"ಹಿಂಬಡ್ತಿ ಅಂತ ಹಾಕಿ" ಎಂದಳು ನಲುಕುಯಿ. ದನಗಾಹಿಯಿಂದ ಕ್ಷೇತ್ರ ತಂತ್ರಜ್ಞನಾದ ಚೋಲ್ವೆಗೆ ಬಡ್ತಿ ಎಂದು ಬಿತ್ತು. ಮಧ್ಯಾಹ್ನದೊಳಗೆ ಎರಡು ಬಾಗಿಲೂ ತೆರೆದವು. ಅಲ್ಲಿಗೆ ಕಥೆ ಮುಗಿಯಿತು, ನಾಳೆ ಬಂದು ನನ್ನ ಜನ್ಮ ಜಾಲಾಡುತ್ತಾನೆ ಎಂದು ಅವಳು ನಿರಾಳವಾದಳು.

ಮಂಗಳವಾರ ಚೋಲ್ವೆ ಬಾಗಿಲಲ್ಲಿ ನಿಂತು, "ಗುಡ್ ಮಾರ್ನಿಂಗ್ ಮೇಡಂ. ಒಳಗೆ ಬರಬಹುದಾ?" ಎಂದ.

ಬುಧವಾರವೂ ಅದೇ. ಗುರುವಾರ ಅವಳು ಒಂದು ಡಬ್ಬಿ ಹುಳಿಹಾಲು ತಂದು ಅವನ ಮೇಜಿನ ಮೇಲಿಟ್ಟು, "ನಿಮ್ಮಮ್ಮ ಕಳಿಸಿದ್ರು, ಮಗುವಿಗೆ ಕುಡಿಸು ಅಂದ್ರು" ಎಂದು ಕೆಣಕಿದಳು. ಅವನು ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡು, "ಥ್ಯಾಂಕ್ಯೂ ಮೇಡಂ" ಎಂದ. ಕಾಲು ಕೆರೆದು ಜಗಳಕ್ಕೆ ಹೋದರೂ ಅವನು ನಮಸ್ಕಾರ ಹೇಳಿ ಪಕ್ಕಕ್ಕೆ ಸರಿಯುತ್ತಿದ್ದ. ಏಳು ವರ್ಷ ಬೈಸಿಕೊಂಡ ಕಿವಿಗೆ ಈ ಮರ್ಯಾದೆ ತಡೆಯಲಾಗಲಿಲ್ಲ. ಒಂದು ಕ್ಲಿನಿಕ್ಕಿನ ಲ್ಯಾಬ್ ಫಲಿತಾಂಶವನ್ನು ಇನ್ನೊಂದಕ್ಕೆ ಕಳಿಸಿ, ಈಗಲಾದರೂ ಬೈಯುತ್ತಾನೇನೋ ಎಂದು ಕಾದಳು. ಅವನು ಸದ್ದಿಲ್ಲದೆ ಸರಿಮಾಡಿ, 'ಆಗಿದೆ ಮೇಡಂ' ಎಂದು ಸಂದೇಶ ಕಳಿಸಿದ.

ಮುಂದಿನ ಸೋಮವಾರ ಅವಳಿಗೆ ತಾಳ್ಮೆ ಕೆಟ್ಟಿತು. "ನಮ್ಮ ನಂಟಲ್ಲಿ ಸಿಟ್ಟು ಮಾಡ್ಕೊಳೋ ಹಾಗಿಲ್ಲ, ಗೊತ್ತಲ್ಲ ನಿಂಗೆ?" ಎಂದು ಅವನ ಕುರ್ಚಿಗೆ ಅಡ್ಡ ನಿಂತಳು.

"ನಿಮ್ಮ ಮೇಲೆ ಸಿಟ್ಟಿಲ್ಲ" ಎಂದು ಚೋಲ್ವೆ ವೈರು ಸುತ್ತುತ್ತಲೇ ಹೇಳಿದ. "ನೀವು ದನಗಾಹಿ ಅಂದ್ರೆ ನಗ್ತೀನಿ, ನೀವು ನನ್ನ ಕಸಿನ್. ಆ ಯಂತ್ರ ನನಗೆ ಯಾವ ಕಸಿನ್ನು? ಹದಿನಾಲ್ಕು ವರ್ಷದವರೆಗೂ ನಾನು ಆ ಊರಲ್ಲಿ ನಿಜವಾಗ್ಲೂ ದನ ಕಾಯ್ತಿದ್ದೆ. ಶಾಲೆಯ ಕಿಟಕಿ ಹೊರಗೆ ನಿಂತು ಲೆಕ್ಕ ಕಲಿತೋನು. ಅದೇ ಊರಲ್ಲಿ, ಅದೇ ಜನದ ಮುಂದೆ, ದನಗಾಹಿಗೆ ಪ್ರವೇಶವಿಲ್ಲ ಅಂತ ಗೋಡೆ ಮೇಲೆ ಬಂತು. ಅದು ನಗ್ತಾ ಹೇಳಲಿಲ್ಲ."

ನಲುಕುಯಿ ಅವನ ಕುರ್ಚಿಯಿಂದ ಪಕ್ಕಕ್ಕೆ ಸರಿದಳು. ಇಷ್ಟು ವರ್ಷ ಅವನ ಹಸುಗಳ ಮೇಲೆ ಅಷ್ಟೊಂದು ಮಾತು ಹೊಸೆದವಳಿಗೆ, ಅವನು ನಿಜಕ್ಕೂ ದನ ಕಾದವನೇ ಎಂದು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಎಲ್ಲರ ಗುರುತೂ ಒಂದೇ ಕಡೆ ಇರಬೇಕೆಂದು ಭಾಷಣ ಬಿಗಿದ ಮಹಾಜ್ಞಾನಿ ತಾನು ಎಂದು ಮನಸ್ಸಿನಲ್ಲೇ ತನಗೆ ಉಗಿದುಕೊಂಡಳು.

ಬುಧವಾರ ಅವನು ಅರ್ಧಕ್ಕೆ ನಿಂತ ತರಬೇತಿಯನ್ನು ಮುಗಿಸಲು ಸಿಬೊಯಾಕ್ಕೆ ಹೊರಟಾಗ, ಕೇಳದೆ ಹೇಳದೆ ಜೀಪು ಹತ್ತಿ ಕೂತಳು. ದಾರಿಯುದ್ದಕ್ಕೂ ಅವನು ಎರಡೇ ಮಾತಾಡಿದ: "ಕಿಟಕಿ ಮುಚ್ಚಲಾ ಮೇಡಂ?" ಮತ್ತು "ಇಳೀರಿ ಮೇಡಂ."

ಅದೇ ಬೆಡ್‌ಶೀಟು, ಅದೇ ಜನ. ನಲುಕುಯಿ ಪ್ರೊಜೆಕ್ಟರಿನ ವೈರು ಹಿಡಿದುಕೊಂಡೇ ಮುಂದೆ ಹೋಗಿ ನಿಂತಳು. ಜೀಪಿನಲ್ಲಿ ಕಂಠಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು.

"ಆವತ್ತು ಗೋಡೆ ಮೇಲೆ ಬಂದಿದ್ದು ನಾನು ಬರೆದದ್ದು" ಎಂದಳು. "ಚೋಲ್ವೆ ಜೊತೆ ತಮಾಷೆಗೆ ಬರೆದೆ, ಅಳಿಸೋದು ಮರೆತೆ. ನಿಮ್ಮ ಮುಂದೆ ಅವನ ತಲೆ ತಗ್ಗಿಸಿದೆ. ತಪ್ಪಾಯ್ತು. ಈ ಒಂಬತ್ತು ಕ್ಲಿನಿಕ್ ನಡೀತಿರೋದು ಅವನಿಂದ. ನಾನು ನನಗೆ ರಾಣಿ ಅಂತ ಬರ್ಕೊಂಡು, ನಾನೇ ಆಚೆ ಉಳಿದೋಳು."

ಆಮೇಲೆ ಸಿಯಾಂಕುಂಬಾ ಚಿಕ್ಕಪ್ಪ ಕೋಲೂರಿ ಎದ್ದ. ಮುದುಕನ ಕಣ್ಣು ಹೊಳೆಯುತ್ತಿತ್ತು. ಲೋಜಿ ಹೆಂಗಸೊಬ್ಬಳು ಇಷ್ಟು ಚೆನ್ನಾಗಿ ಕೈಗೆ ಸಿಕ್ಕಿದ್ದು ಅವನ ಆಯಸ್ಸಿನಲ್ಲಿ ಇದೇ ಮೊದಲಿರಬೇಕು.

"ಓಹೋಹೋ, ರಾಣಿಯವರು! ಜೀಪಲ್ಲಿ ಬಂದ್ರಾ? ದೋಣಿ ತೂತಾಯ್ತಾ? ನಮ್ಮ ಬೆಕ್ಕು ಬೆಳಗಿಂದ ಯಾಕೆ ಬಾಲ ಎತ್ಕೊಂಡು ಓಡಾಡ್ತಿತ್ತು ಅಂತ ಈಗ ಗೊತ್ತಾಯ್ತು!"

ಜನ ಗೊಳ್ಳೆಂದರು. ಇನ್ನಿಬ್ಬರು ಹಿರಿಯರೂ ಎದ್ದು ತಮ್ಮ ಪಾಲಿನದನ್ನು ಸೇರಿಸಿದರು. ನಲುಕುಯಿ ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಓರೆಗಣ್ಣಲ್ಲಿ ನೋಡಿದರೆ ಚೋಲ್ವೆ ಪ್ರೊಜೆಕ್ಟರಿನ ಗಾಜು ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ಇವನ ಬಾಯಿಂದ ಇನ್ನು ಏನೂ ಬರುವುದಿಲ್ಲ, ಇಷ್ಟು ದೂರ ಬಂದು ಬರೀ ಮುದುಕರ ಹತ್ತಿರ ಬೈಸಿಕೊಂಡದ್ದಾಯಿತು ಎಂದು ಅವಳಿಗೆ ಅಳು ಬರುವಂತಾಯಿತು.

ಆಗ ಕಸೊಂಡೆ ಎಂಬ ನರ್ಸಿಗೂ ಹುರುಪು ಬಂತು. ಉತ್ತರದ ಕಸಾಮಾದಿಂದ ವರ್ಗವಾಗಿ ಬಂದು ತಿಂಗಳಾಗಿತ್ತಷ್ಟೆ. "ಇಂಥ ದಡ್ಡಿ ಕೈಗೆ ಬೀಗದ ಕೈ ಕೊಟ್ಟೋರು ಯಾರೋ!" ಎಂದು ಅವಳು ಹಿಂದಿನ ಬೆಂಚಿನಿಂದ ಕೂಗಿದಳು. "ತನ್ನ ಹುದ್ದೆ ತನಗೇ ಗೊತ್ತಿಲ್ಲ, ಒಂಬತ್ತು ಕ್ಲಿನಿಕ್ ನೋಡ್ಕೋತಾಳಂತೆ!"

ಚೋಲ್ವೆ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದ.

"ಸಿಸ್ಟರ್, ನೀವು ಬಾಯ್ಮುಚ್ಚಿ! ನೀವು ಬೆಂಬಾ, ನಿಮ್ಮ ಬೈಯೋ ನಂಟು ಅಂಗೋನಿಗಳ ಜೊತೆ. ಇವಳಿಗೆ ಬೈಯೋಕೆ ನೀವ್ಯಾರು? ಅಷ್ಟು ಬಾಯಿ ತುರಿಸಿದ್ರೆ ನಿಮ್ಮ ಅಂಗೋನಿ ಕಸಿನ್ ಜೆರೆ ಇದ್ದಾನೆ ಆಫೀಸಲ್ಲಿ, ಹೋಗಿ ಅವನಿಗೆ ಬೈರಿ. ಈ ಹೆಂಗಸು ದಡ್ಡಿನೋ ಅಲ್ವೋ ಅಂತ ಹೇಳಬೇಕಾದೋನು ನಾನು!"

ಕಸೊಂಡೆ ಪೆಚ್ಚಾಗಿ ಕೂತಳು. ಚೋಲ್ವೆ ನಲುಕುಯಿಯ ಕಡೆ ತಿರುಗಿದ.

"ನೀನೇನು ಬಾಯಿ ಬಿಟ್ಕೊಂಡು ನಿಂತಿದ್ದೀಯ, ನೆರೆ ಇಳಿದ ಮೇಲೆ ಕೆಸರಲ್ಲಿ ಸಿಕ್ಕಾಕ್ಕೊಂಡ ಗೊದಮೊಟ್ಟೆ ಥರ? ಆ ವೈರು ಕೊಡು ಇಲ್ಲಿ. ಉಲ್ಟಾ ಹಿಡ್ದಿದ್ದೀಯಲ್ಲೇ! ನಿಮ್ಮ ವಂಶದಲ್ಲಿ ಒಬ್ಬರಿಗಾದ್ರೂ ಹಿಂದ್ಯಾವುದು ಮುಂದ್ಯಾವುದು ಅಂತ ಗೊತ್ತಿದೆಯಾ?"

ನಲುಕುಯಿ ವೈರನ್ನು ತಿರುಗಿಸಿ ಅವನ ಕೈಗಿಟ್ಟು, ಊರ ಜನರೆಲ್ಲರ ಮುಂದೆ ಸೊಂಟಕ್ಕೆ ಸುತ್ತಿದ ಚಿತೆಂಗೆ ಬಟ್ಟೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಇನ್ನೊಂದ್ಸಲ ಹೇಳು ಕಸಿನ್, ಸರಿಯಾಗಿ ಕೇಳಿಸಲಿಲ್ಲ" ಎಂದಳು.