ಸಲಹೆಗಾರರ ಸಂಘದ ಊಟದ ನಿಯಮ

ಸಲಹೆ ಕೊಡುವವನಿಗೆ ಹಸಿವು ಬಹಳ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನೇಗಿಲು ಹಿಡಿದವನು ಬೆಳಗಿನ ಒಂದು ರೊಟ್ಟಿಯ ಮೇಲೆ ಮಧ್ಯಾಹ್ನದವರೆಗೆ ಕಾಲ ಹಾಕಬಲ್ಲ. ಬದುವಿನ ಮೇಲೆ ನಿಂತು ‘ನೇಗಿಲು ಇನ್ನೂ ಸ್ವಲ್ಪ ಆಳಕ್ಕೆ ಹೋಗಲಿ’ ಎನ್ನುವವನಿಗೆ ಮಾತ್ರ ಬಿಸಿಲು ಏರುವ ಮೊದಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಯಾಕೆ ಹೀಗೆ ಎಂದು ವೈದ್ಯರನ್ನು ಕೇಳಬೇಕು. ನನ್ನ ಹೆಂಡತಿಯನ್ನು ಕೇಳಿದರೆ, ‘ಬಾಯಿ ದುಡೀತೈತೆಲ್ರಿ, ಅದಕ್ಕ ಪಗಾರ ಬೇಕಾಗ್ತೈತಿ’ ಅನ್ನುತ್ತಾಳೆ.

ನಾನು ಕೃಷಿ ಸಲಹೆಗಾರರ ಸಂಘವೊಂದರ ಕಾರ್ಯದರ್ಶಿ. ಹೀಗೊಂದು ಸಂಘ ಇದೆಯೆಂದು ನಿಮಗೆ ಗೊತ್ತಿರದಿದ್ದರೆ ನನಗೆ ಬೇಸರವಿಲ್ಲ; ಗೋಕಾಕದ ಪೇಟೆಯಲ್ಲಿ ನಮ್ಮ ಕೋಣೆಯ ಕೆಳಗೇ ಅರಳೆ ವ್ಯಾಪಾರ ಮಾಡುವವರಿಗೂ ಗೊತ್ತಿಲ್ಲ. ಅವರು ನಮ್ಮನ್ನು ಇನ್ನೂ ಭಜನಾ ಮಂಡಳಿ ಎಂದೇ ತಿಳಿದಿದ್ದಾರೆ. ಸಂಘ ಹುಟ್ಟಿದ್ದು ಒಂದು ಸಿಟ್ಟಿನಿಂದ. ಈ ಸೀಮೆಯಲ್ಲಿ ಹೊಲದ ಬಗ್ಗೆ ಸಲಹೆ ಕೊಡದ ಮನುಷ್ಯನೇ ಇಲ್ಲ. ಕ್ಷೌರ ಮಾಡುವವನು ಕತ್ತರಿ ಆಡಿಸುತ್ತಲೇ ಯಾವ ಕಬ್ಬು ಹಚ್ಚಬೇಕೆಂದು ಹೇಳುತ್ತಾನೆ. ಹತ್ತಿಗೆ ಯಾವಾಗ ನೀರು ಬಿಡಬೇಕೆಂದು ಸರ್ವಿಸ್ ಮೋಟಾರಿನ ಡ್ರೈವರನಿಗೆ ಖಚಿತವಾಗಿ ಗೊತ್ತು. ಇಂಥ ಕಡೆ ಓದಿದವರ ಮಾತಿಗೆ ಒಂದು ಮರ್ಯಾದೆ ಬೇಡವೇ ಎಂದು ನಾವು ಸಂಘ ಕಟ್ಟಿದೆವು. ಮೂಡಲಗಿಯ ದೇಸಾಯರು ಅಧ್ಯಕ್ಷರು. ಸರಕಾರದ ಕೃಷಿ ಖಾತೆಯಲ್ಲಿ ದುಡಿದು ನಿವೃತ್ತರಾದವರು, ಮಳೆಗಾಲ ಬೇಸಿಗೆ ಎನ್ನದೆ ಕೊಡೆ ಹಿಡಿದು ತಿರುಗುವವರು, ಹೋದಲ್ಲೆಲ್ಲ ಅದನ್ನು ಮರೆತು ಬರುವವರು. ಹುಕ್ಕೇರಿಯ ಶಿವಲಿಂಗಪ್ಪ ಉಪಾಧ್ಯಕ್ಷ. ಪುಣೆಯಲ್ಲಿ ಓದಿ ಬಂದವನು. ಬೆಳೆಯ ರೋಗ ಹಿಡಿಯುವುದರಲ್ಲಿ ಗಟ್ಟಿಗ, ಊಟದಲ್ಲಿ ಅದಕ್ಕಿಂತ ಗಟ್ಟಿಗ. ನಾನು ಕೆಲವು ವರ್ಷ ಬೀಜದ ಹೊಲವೊಂದನ್ನು ನೋಡಿಕೊಂಡಿದ್ದವನು. ಸ್ವಂತ ಹೊಲವಿಲ್ಲ, ಆದರೆ ಅಕ್ಷರ ದುಂಡಗಿದೆ, ಹೀಗಾಗಿ ಕಾರ್ಯದರ್ಶಿಯಾದೆ. ಉಳಿದ ಸದಸ್ಯರು ಸಭೆಗೆ ಬರುತ್ತಾರೆ, ಹೊಲಕ್ಕೆ ಬರುವುದಿಲ್ಲ.

ರೈತರು ಕರೆದಲ್ಲಿಗೆ ನಾವು ಮೂವರೂ ಹೋಗುತ್ತಿದ್ದೆವು. ಒಬ್ಬರು ಹೋದರೆ ಸಾಲದೇ ಎಂದು ನೀವು ಕೇಳಬಹುದು. ಒಬ್ಬ ಹೋದರೆ ಅದು ಭೇಟಿ, ಮೂವರು ಹೋದರೆ ಸಂಘ. ಹೀಗೆ ಸಂಘವು ಒಮ್ಮೆ ಕಲ್ಲೋಳಿಯ ಗೌಡರ ಮನೆಗೆ, ಕಬ್ಬಿನ ಸುಳಿ ಕೊರೆಯುವ ಹುಳ ನೋಡಲು ಹೋಯಿತು. ಹುಳ ನೋಡಿದ್ದು ಸ್ವಲ್ಪ ಹೊತ್ತು, ಉಂಡದ್ದು ಬಹಳ ಹೊತ್ತು. ಹೋಳಿಗೆ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿಯ ಹಿಂಡಿ, ಎಲ್ಲ ಮುಗಿಸಿ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಅಡಿಗೆಮನೆಯಿಂದ ಗೌಡರ ಹೆಂಡತಿ ನೀಲವ್ವನ ದನಿ ಕೇಳಿಸಿತು. ಒಲೆಯ ಮುಂದೆ ಬೆವತು ಕೂತ ಸೊಸೆಗೆ ಆಕೆ ಹೇಳುತ್ತಿದ್ದಳು: ‘ಕಬ್ಬಿಗೆ ಹುಳ ಬಿದ್ರ ಇವರನ್ನ ಕರೀತೇವಿ. ಇವರ ಬಂದು ಬಿದ್ರ ಯಾರನ್ನ ಕರೀಬೇಕವಾ?’

ಶಿವಲಿಂಗಪ್ಪ ನಕ್ಕ. ದೇಸಾಯರು ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದರು. ನಾನು ಕೈ ಒರೆಸಿಕೊಳ್ಳುತ್ತ ಲೆಕ್ಕ ಹಾಕಿದೆ. ಮನೆಯ ಹೆಣ್ಣುಮಕ್ಕಳು ಬೆಳಗಿನಿಂದ ನಮ್ಮ ಮೂವರ ಸಲುವಾಗಿ ಹೂರಣ ರುಬ್ಬಿದ್ದರು. ನಾವು ಕೊಟ್ಟದ್ದೇನು? ಹುಳ ಬಿದ್ದ ಸುಳಿ ಕಿತ್ತು ಸುಡಿರಿ ಎಂಬ ಒಂದು ಮಾತು. ಮುಂದಿನ ಸಭೆಯಲ್ಲಿ ನಾನೇ ಎದ್ದು ನಿಂತು ನಿಯಮ ಮಂಡಿಸಿದೆ. ‘ಸಂಘದ ಸದಸ್ಯರು ಸಲಹೆಗಾಗಿ ಹೋದ ರೈತರ ಮನೆಯಲ್ಲಿ ಆಹಾರ ಪಾನೀಯಗಳನ್ನು ಸ್ವೀಕರಿಸತಕ್ಕದ್ದಲ್ಲ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ‘ತಕ್ಕದ್ದಲ್ಲ’ದ ಗತ್ತಿಗೆ ನಾನೇ ಮನಸೋತಿದ್ದೆ. ಹಲಗೆಯ ಮೇಲೆ ಬರೆಯಿಸಿ ಗೋಡೆಗೆ ತೂಗುಹಾಕಿದೆವು.

ನಿಯಮ ಗೋಡೆಯ ಮೇಲೆ ಭದ್ರವಾಗಿತ್ತು. ನಾವು ಹೊರಗೆ ಹೋದಾಗ ಅದು ನಮ್ಮ ಸಂಗಡ ಬರುತ್ತಿರಲಿಲ್ಲ. ಹುಕ್ಕೇರಿಯ ಹತ್ತಿರ ಅರಿಸಿನ ಬೆಳೆಯುವವರೊಬ್ಬರು ಮಜ್ಜಿಗೆ ತಂದಿಟ್ಟರು. ನಾನು ನಿಯಮ ನೆನಪಿಸಿದೆ. ದೇಸಾಯರು ವೈದ್ಯಶಾಸ್ತ್ರವನ್ನು ಆಳವಾಗಿ ಬಲ್ಲವರಂತೆ ಕಣ್ಣು ಮುಚ್ಚಿ, ‘ಮಜ್ಜಿಗಿ ಪಾನೀಯ ಅಲ್ರಿ, ಔಷಧ. ಉಷ್ಣಕ್ಕ, ಪಿತ್ತಕ್ಕ, ಅಜೀರ್ಣಕ್ಕ ಅದನ್ನ ಹೇಳ್ಯಾರ’ ಎಂದರು. ಅಜೀರ್ಣವಾಗುವಷ್ಟು ಇನ್ನೂ ಏನೂ ಉಂಡಿಲ್ಲವಲ್ಲ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಇನ್ನೊಂದು ಕಡೆ ಅವಲಕ್ಕಿ ಬಂತು. ಅದು ಆಹಾರವಲ್ಲ, ಬಾಯಾಡಿಸುವುದು. ಮತ್ತೊಂದು ಕಡೆ ಬಂದ ಸಜ್ಜಕ ಪ್ರಸಾದವಾಯಿತು. ಕಲ್ಲೋಳಿಯ ಗೌಡರಂತೂ ಶಿವಲಿಂಗಪ್ಪನ ತಾಯಿಯ ಕಡೆಯಿಂದ ದೂರದ ಬೀಗರೆಂದು ಹೊಸದಾಗಿ ಪತ್ತೆಯಾಯಿತು. ಬೀಗರ ಮನೆಯನ್ನು ರೈತರ ಮನೆ ಎನ್ನಲಾಗುತ್ತದೆಯೇ? ನಾನೂ ಕೂತು ಉಂಡೆ. ರುಚಿಯಾಗಿಯೇ ಇತ್ತು.

ಹೋದ ಸುಗ್ಗಿ ಮುಗಿದ ಮೇಲೆ ತುಕ್ಕಾನಟ್ಟಿಯ ದುರ್ಗಪ್ಪ ನಮ್ಮ ಕೋಣೆಗೆ ಬಂದ. ಬಂದ ಎಂದರೆ ಮೆಟ್ಟಿಲು ಹತ್ತಿ ಬಾಗಿಲವರೆಗೆ ಬಂದ. ಹೊಸ್ತಿಲು ದಾಟಲಿಲ್ಲ, ನಾವೂ ದಾಟು ಎನ್ನಲಿಲ್ಲ. ಅವನು ಊರ ಹೊರಗಿನ ಕೇರಿಯವನು. ಹಿಂದೆಂದೋ ಊರ ಚಾಕರಿಗೆಂದು ಮನೆತನಕ್ಕೆ ಬಂದ ಒಂದು ತುಂಡು ಹೊಲ ಅವನಿಗಿದೆ. ಧುಪದಾಳದ ಕಟ್ಟೆಯಿಂದ ಬರುವ ಕಾಲುವೆಯ ನೀರನ್ನು ಮೇಲಿನ ಹೊಲದವರು ಮನಬಂದಷ್ಟು ಬಿಡುತ್ತಾರೆ. ಅದು ಬಸಿದು ತಗ್ಗಿನಲ್ಲಿರುವ ಇವನ ಹೊಲದಲ್ಲಿ ನಿಲ್ಲುತ್ತದೆ.

‘ಹೊಲದಾಗ ಸವಳು ಎದ್ದೈತ್ರಿ ಸಾಹೇಬ್ರ. ಬೆಳ್ಳಗ ಉಪ್ಪು ಅರಳೇತಿ. ಹಿಂಗಾ ಬಿಟ್ರ ಜ್ವಾಳನೂ ಬರೂದಿಲ್ಲ. ಸಂಘದವರು ಯಾರ ಕರದ್ರೂ ಬರ್ತಾರಂತ ಕೇಳೇನ್ರಿ’ ಎಂದ.

ಯಾರು ಕರೆದರೂ ಬರುತ್ತೇವೆ ಎಂದು ಬಾಗಿಲಿನ ಇನ್ನೊಂದು ಹಲಗೆಯ ಮೇಲೆ ಬರೆಸಿದವನು ನಾನೇ. ಹೋದೆವು. ಹೊಲ ಅವನು ಹೇಳಿದ ಹಾಗೆಯೇ ಇತ್ತು. ಸವಳು ಎಷ್ಟಿದೆ ಎಂದು ತಿಳಿಯಲು ನಮ್ಮ ಕಸುಬಿನಲ್ಲಿ ಒಂದು ಸರಳ ಉಪಾಯವಿದೆ. ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡುವುದು. ಶಿವಲಿಂಗಪ್ಪ ನೋಡಿದ. ದೇಸಾಯರು ನೋಡಿ, ತಲೆದೂಗಿ, ಇನ್ನೊಂದು ಮೂಲೆಯ ಮಣ್ಣನ್ನೂ ನೋಡಿದರು. ನಾನೂ ನೋಡಿದೆ, ಉಪ್ಪಿನ ಜೊತೆಗೆ ಕಹಿಯೂ ಇತ್ತು. ಅಲ್ಲಿಯವರೆಗೆ ನಾವು ನಿಜವಾಗಿ ಒಳ್ಳೆಯ ಸಲಹೆಗಾರರಾಗಿದ್ದೆವು. ಬಸಿಗಾಲುವೆ ಎಲ್ಲಿ ತೋಡಬೇಕು, ಸೆಣಬು ಬಿತ್ತಿ ಹೂ ಬಿಡುವ ಹೊತ್ತಿಗೆ ಗೊಬ್ಬರವಾಗಲೆಂದು ಮಣ್ಣಿನಲ್ಲಿ ಹೇಗೆ ಹೂಳಬೇಕು, ಎಲ್ಲವನ್ನೂ ಹೇಳಿದೆವು. ‘ಸವಳು ಒಂದ ಮಳಿಗೆ ಹೋಗೂದಿಲ್ಲ, ತಾಳ್ಮಿ ಬೇಕು’ ಎಂದು ನಾನು ಗಂಭೀರವಾಗಿ ಸೇರಿಸಿದೆ.

ಹೊರಡುವ ಹೊತ್ತಿಗೆ ದುರ್ಗಪ್ಪನ ಹೆಂಡತಿ ಬಾಳವ್ವ ಬೇವಿನ ನೆರಳಿನಲ್ಲಿ ಹೊಸ ಕಂಬಳಿ ಹಾಸಿ, ಬೆಳಗಿದ ಹಿತ್ತಾಳೆಯ ತಾಟೊಂದನ್ನು ತಂದಿಟ್ಟಳು. ತಾಟಿನಲ್ಲಿ ಬಾಳೆಹಣ್ಣು, ಬಿಡಿಸದ ಶೇಂಗಾ, ಒಡೆಯದ ತೆಂಗಿನಕಾಯಿ ಇದ್ದವು. ನೀರಿನ ತಂಬಿಗೆ ಇರಲಿಲ್ಲ. ಮೊದಲು ನನಗೆ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ತಾಟಿನಲ್ಲಿದ್ದದ್ದೆಲ್ಲ ಸಿಪ್ಪೆ ಇರುವ ಪದಾರ್ಥ. ತಮ್ಮ ಕೈ ಒಳಗಿನ ತಿರುಳಿಗೆ ತಾಗದಂಥದ್ದನ್ನೇ ಆ ತಾಯಿ ಯೋಚಿಸಿ, ಆರಿಸಿ, ತರಿಸಿ ಇಟ್ಟಿದ್ದಳು. ನಮ್ಮ ಮಡಿಯ ಚಿಂತೆಯನ್ನು ನಮಗಿಂತ ಮೊದಲು ಅವಳೇ ಮಾಡಿ ಮುಗಿಸಿದ್ದಳು.

ದೇಸಾಯರು ತಾಟು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಒಮ್ಮೆಲೇ ಹಗುರಾಯಿತು. ‘ಕಾರ್ಯದರ್ಶಿಗಳ, ನಮ್ಮದೊಂದು ನಿಯಮ ಐತೆಲ್ರಿ, ಅವರಿಗೆ ಹೇಳ್ರಿ’ ಎಂದರು. ನಿಯಮ ಹುಟ್ಟಿದ ಮೇಲೆ ಅವರು ಅದನ್ನು ತಾವಾಗಿ ನೆನೆಸಿಕೊಂಡದ್ದು ಅದೇ ಮೊದಲು. ನಾನು ಹೇಳಿದೆ. ತಲೆ ತಗ್ಗಿಸಿ, ಒಂದಕ್ಷರ ಬಿಡದೆ, ‘ತಕ್ಕದ್ದಲ್ಲ’ದವರೆಗೂ ಹೇಳಿದೆ. ಬಾಳೆಹಣ್ಣನ್ನು ಔಷಧ ಎನ್ನಲು, ಶೇಂಗಾವನ್ನು ಬಾಯಾಡಿಸುವುದು ಎನ್ನಲು ನಮ್ಮ ಮೂವರಲ್ಲಿ ಯಾರ ವಿದ್ಯೆಯೂ ಉಪಯೋಗಕ್ಕೆ ಬರಲಿಲ್ಲ.

‘ಹೌದ್ರಿ, ನಿಯಮ ಅಂದ ಮ್ಯಾಲ ನಿಯಮ’ ಎಂದ ದುರ್ಗಪ್ಪ. ‘ನಮಗ ಗೊತ್ತಿದ್ದಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ.’ ಬಾಳವ್ವ ತಾಟಿನ ಮೇಲೆ ಒಂದು ಅರಿವೆ ಮುಚ್ಚಿದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ನನ್ನನ್ನು ಸಮಾಧಾನಪಡಿಸಿಕೊಳ್ಳುತ್ತಿದ್ದೆ. ನಿಯಮ ಅಂದರೆ ನಿಯಮವೇ ತಾನೆ? ಆದರೆ ನಮ್ಮ ಚಕ್ಕಡಿ ಕಲ್ಲೋಳಿಗೆ ಬಂದಾಗ ಬೀಗರಾದ ಗೌಡರು ಅಡ್ಡ ಬಂದು ನಿಲ್ಲಿಸಿದರು. ಪಡಸಾಲೆಯಲ್ಲಿ ತಾಟುಗಳು ಬಂದವು. ಹೋಳಿಗೆಯ ಮೊದಲ ತುತ್ತು ನನ್ನ ಬಾಯಿಗೆ ಹೋಗುವ ಹೊತ್ತಿಗೆ ಅಂಗಳದಲ್ಲಿ ಯಾರೋ ಏದುಸಿರು ಬಿಡುತ್ತ ನಿಂತದ್ದು ಕಂಡಿತು. ದುರ್ಗಪ್ಪ. ಅವನ ಕೈಯಲ್ಲಿ ದೇಸಾಯರ ಕೊಡೆ. ಬೇವಿನ ಗಿಡಕ್ಕೆ ಒರಗಿಸಿ ಮರೆತು ಬಂದಿದ್ದರು. ಅವನು ಹೊಲದ ಹಾದಿ ಹಿಡಿದು ಓಡಿ ಬಂದಿದ್ದ.

ಅವನು ನಮ್ಮ ತಾಟು ನೋಡಿದ. ಕೊಡೆಯನ್ನು ಕಟ್ಟೆಯ ಅಂಚಿಗೆ ಆನಿಸಿ ಇಟ್ಟ. ನಾನು ಏಳಲು ಹೋದಾಗ, ‘ಕುಂದರ್ರಿ, ಕುಂದರ್ರಿ. ಉಣ್ಣೂ ಹೊತ್ತಿನಾಗ ಏಳಬಾರದ್ರಿ’ ಎಂದು ಹೇಳಿ ಹೊರಟುಹೋದ. ಆ ಮಾತಿನಲ್ಲಿ ಕೊಂಕು ಇತ್ತೇ ಎಂದು ನಾನು ಬಹಳ ಹುಡುಕಿದೆ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಇರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, ‘ಅವರ ಹೊಲದಾಗಿನ ಮಣ್ಣು ನಿಮ್ಮ ನಾಲಿಗಿಗೆ ನಡೀತು, ಬಾಳಿಹಣ್ಣು ನಡೀಲಿಲ್ಲ?’ ಎಂದಳು.

ಮನುಷ್ಯನಿಗೆ ನಾಚಿಕೆಯಾದಾಗ ಮೊದಲು ತೋಚುವ ಉಪಾಯ ಯಾರಿಗೂ ತಿಳಿಯದಂತೆ ಅದನ್ನು ತೊಳೆದುಕೊಳ್ಳುವುದು. ನಾನೂ ಅದನ್ನೇ ಮಾಡಿದೆ. ಒಬ್ಬನೇ ತುಕ್ಕಾನಟ್ಟಿಗೆ ಹೋದೆ. ಬಸಿಗಾಲುವೆ ಅರ್ಧ ತೋಡಿ ಮುಗಿದಿತ್ತು. ಅದನ್ನು ಹೊಗಳಿ, ನೇರ ಅವರ ಮನೆಯ ಮುಂದೆ ಹೋಗಿ, ‘ಬಾಳವ್ವಾ, ಹಸಿವಿ ಆಗೇತಿ, ಒಂದ ರೊಟ್ಟಿ ಇದ್ರ ಕೊಡವಾ’ ಎಂದೆ. ಎಷ್ಟು ದೊಡ್ಡ ಮಾತಾಡಿದೆನೆಂದು ಒಳಗೊಳಗೇ ನನಗೆ ನನ್ನ ಮೇಲೆ ಹೆಮ್ಮೆಯೂ ಆಯಿತು.

ಬಾಳವ್ವ ಕೇಳಿದಳು: ‘ನೀವ್ ಒಬ್ಬರ ಬಂದೀರೇನ್ರಿ?’

‘ಹೌದು.’

‘ಬಂದದ್ದು ಅವರಿಗೆ ಗೊತ್ತೈತೇನ್ರಿ?’

‘ಇಲ್ಲ.’

‘ಹಂಗಾರ ಬ್ಯಾಡ್ರೀ ಯಪ್ಪಾ. ಈಗ ಉಂಡ್ರ ನಮ್ಮ ಮನ್ಯಾಗ ಕದ್ದು ಉಂಡಂಗ ಆಕ್ಕೈತಿ. ಅವತ್ತ ಮೂರು ಮಂದಿ ಒಲ್ಲೆ ಅಂದ್ರಿ. ಮೂರೂ ಮಂದಿ ಬರ್ರಿ. ಬಿಸಿ ರೊಟ್ಟಿ ಬಡೀತೇನಿ.’

ದುರ್ಗಪ್ಪ ನನ್ನ ಮುಖ ನೋಡಿ ಕನಿಕರಪಟ್ಟಿರಬೇಕು. ‘ಅವಸರ ಏನಿಲ್ರಿ ಸಾಹೇಬ್ರ’ ಎಂದ. ‘ಸವಳು ಒಂದ ಮಳಿಗೆ ಹೋಗೂದಿಲ್ಲಂತ ನೀವಾ ಹೇಳೀರೆಲ್ರಿ.’

ಹಸಿದ ಹೊಟ್ಟೆಯಲ್ಲೇ ಗೋಕಾಕಕ್ಕೆ ಬಂದೆ. ಮುಂದಿನ ಸಭೆಯಲ್ಲಿ ಎದ್ದು ನಿಂತೆ. ನಿಯಮವನ್ನು ತೆಗೆದುಹಾಕಬೇಕು, ಬರುವ ಸಭೆಯನ್ನು ದುರ್ಗಪ್ಪನ ಹೊಲದಲ್ಲಿ ನಡೆಸಬೇಕು, ಅಲ್ಲಿಯೇ ಊಟ ಮಾಡಬೇಕು ಎಂದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮಲ್ಲಿ ಅರ್ಧದಷ್ಟು ಜನ ಎಲ್ಲರೂ ಸಮಾನರೆಂಬ ಶರಣರ ಮಾತನ್ನು ತೊಟ್ಟಿಲಲ್ಲೇ ಕೇಳಿ ಬೆಳೆದವರು. ಅವರೆಲ್ಲ ಛಾವಣಿಯ ಕಡೆ ನೋಡಿದರು. ‘ನಿಯಮ ಛಲೋ ಐತಿ, ಇರ್ಲಿ ಬಿಡ್ರಿ’ ಎಂದರು ದೇಸಾಯರು. ಆಗ ಶಿವಲಿಂಗಪ್ಪ ಕೇಳಿದ: ‘ಊಟಕ್ಕ ಏನ್ ಮಾಡ್ತಾರಂತ?’

‘ಬಿಸಿ ರೊಟ್ಟಿ.’

‘ಹಿಂಡಿ?’

‘ಇರ್ತೈತಿ.’

‘ಹಂಗಾರ ನಾ ಬರ್ತೇನಿ’ ಎಂದ. ಇಷ್ಟು ದಿನ ಅವನ ಹೊಟ್ಟೆಯನ್ನು ನಾನು ಎಷ್ಟು ಗೇಲಿ ಮಾಡಿದ್ದೇನೋ ಅಷ್ಟನ್ನೂ ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ಸಂಘದಲ್ಲಿ ಅಷ್ಟು ಸ್ವಚ್ಛವಾದ ಪ್ರಶ್ನೆಯನ್ನು ಬೇರೆ ಯಾರೂ ಕೇಳಿದ್ದಿಲ್ಲ. ದೇಸಾಯರು ಮಾತ್ರ ‘ನೋಡೋಣು’ ಎಂದರು. ಇನ್ನೂ ನೋಡುತ್ತಲೇ ಇದ್ದಾರೆ. ಅವರು ಈಗ ಕೊಡೆಯನ್ನು ಎಲ್ಲಿಯೂ ಮರೆಯುವುದಿಲ್ಲ. ಕೂತಾಗಲೂ ಎರಡೂ ಮೊಳಕಾಲ ನಡುವೆ ಹಿಡಿದುಕೊಂಡಿರುತ್ತಾರೆ. ಅವರಿಗೂ ಎಲ್ಲೋ ಚುಚ್ಚುತ್ತಿದೆ ಎಂದು ನನ್ನ ನಂಬಿಕೆ. ಹೀಗೆ ನಾವು ಇಬ್ಬರಾಗಿದ್ದೇವೆ. ಬಾಳವ್ವ ಹೇಳಿದ್ದು ಮೂವರು.

ಅಲ್ಲಿಯವರೆಗೆ ನಿಯಮವನ್ನು ಎಲ್ಲ ಮನೆಯಲ್ಲೂ ಒಂದೇ ತೆರನಾಗಿ ಪಾಲಿಸುವುದೆಂದು ನಿಶ್ಚಯಿಸಿದ್ದೇನೆ. ಮಜ್ಜಿಗೆಯೂ ಇಲ್ಲ, ಅವಲಕ್ಕಿಯೂ ಇಲ್ಲ. ಮೊನ್ನೆ ಕಲ್ಲೋಳಿಯಲ್ಲಿ ನೀಲವ್ವ ತಂದ ಹೋಳಿಗೆಯ ತಾಟನ್ನು ಬೇಡವೆಂದೆ. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತು, ‘ಎಷ್ಟ ಸೊಕ್ಕ ಬಂದೈತ್ರಿ ನಿಮಗ! ನಮ್ಮ ಮನಿ ಅನ್ನ ಒಲ್ಲೆ ಅನ್ನಾಕ ನೀವ್ಯಾರು?’ ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ನಾನು ಆಕೆಯ ಮುಖ ನೋಡಿದೆ. ಬೈಯುತ್ತಿದ್ದರೂ ಕಣ್ಣು ತುಂಬಿತ್ತು. ಬೇಡವೆನ್ನಿಸಿಕೊಂಡವರ ಮುಖ ಹೇಗಿರುತ್ತದೆಂದು ನಾನು ನೋಡಿದ್ದು ಆಗಲೇ. ತುಕ್ಕಾನಟ್ಟಿಯಲ್ಲಿ ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ನೀಲವ್ವ ಹಕ್ಕಿನಿಂದ ಬೈದಳು. ಬಾಳವ್ವ ಬೈದಿರಲಿಲ್ಲ, ತಾಟಿಗೆ ಅರಿವೆ ಮುಚ್ಚಿದ್ದಳು ಅಷ್ಟೆ. ಉಣ್ಣದೆ ಹೊರಟದ್ದಕ್ಕೆ ಬಾಳವ್ವ ನನ್ನನ್ನು ಹೀಗೆಯೇ ಸೊಂಟಕ್ಕೆ ಕೈಯಿಟ್ಟು, ಕೇರಿಗೆಲ್ಲ ಕೇಳುವಂತೆ, ಬಾಯಿತುಂಬ ಬೈಯುವ ಒಂದು ದಿನ ಬರಬೇಕು. ಅವತ್ತು ನಮ್ಮ ಸಂಘ ಆ ಮನೆಯವರೆಗೆ ತಲುಪಿತೆಂದು ತಿಳಿಯುತ್ತೇನೆ. ಅಲ್ಲಿಯವರೆಗೆ ಈ ಬಾಯಿಗೆ ಪಗಾರವಿಲ್ಲ.